ಸಂಗಾತಿಯ ಅಮೆರಿಕ ವೀಸಾ: ಐ-864ರಲ್ಲಿ ಆದಾಯ ತೋರಿಸುವ ಬಗೆ

ಅಮೆರಿಕದಲ್ಲಿರುವವರು ಹೆಂಡತಿಯನ್ನೋ ಗಂಡನನ್ನೋ ಕರೆಸಿಕೊಳ್ಳಲು ಐ-130 ಎಂಬ ಸಂಬಂಧಿಕರ ಅರ್ಜಿ ಹಾಕಿ, ಅದು ಮಂಜೂರಾದ ಮೇಲೆ ಎದುರಾಗುವ ದೊಡ್ಡ ಕಾಗದದ ಕೆಲಸ ಐ-864. ‘ಇವರನ್ನು ನಾನು ಸಾಕುತ್ತೇನೆ, ಸರ್ಕಾರದ ನೆರವಿಗೆ ಕೈಚಾಚುವ ಸ್ಥಿತಿ ಬರಗೊಡುವುದಿಲ್ಲ’ ಎಂದು ಸ್ಪಾನ್ಸರ್ ಬರೆದುಕೊಡುವ ಮುಚ್ಚಳಿಕೆ ಅದು. ಒಳ್ಳೆಯ ಸಂಬಳವಿದ್ದವರ ಕೇಸೂ ಇಲ್ಲಿ ನಿಲ್ಲುತ್ತದೆ. ತಲೆ ಎಣಿಕೆ ತಪ್ಪಿರುತ್ತದೆ, ಇಲ್ಲವೇ ಫಾರ್ಮಿನಲ್ಲಿ ಬರೆದ ಅಂಕಿಗೂ ಲಗತ್ತಿಸಿದ ಕಾಗದಕ್ಕೂ ತಾಳೆಯಾಗಿರುವುದಿಲ್ಲ.

ಮೊದಲು ತಲೆ ಎಣಿಸಿ

ಎಷ್ಟು ಆದಾಯ ಬೇಕು ಎನ್ನುವುದು ಮನೆಮಂದಿಯ ಸಂಖ್ಯೆಯ ಮೇಲೆ ನಿಂತಿದೆ. ಸ್ಪಾನ್ಸರ್, ಬರುವ ಸಂಗಾತಿ, ಸ್ಪಾನ್ಸರ್‌ನ 21 ವರ್ಷದೊಳಗಿನ ಮದುವೆಯಾಗದ ಮಕ್ಕಳು, ಟ್ಯಾಕ್ಸ್ ರಿಟರ್ನ್‌ನಲ್ಲಿ ಅವಲಂಬಿತರೆಂದು ತೋರಿಸಿದ ಇತರರು, ಹಿಂದೆ ಐ-864 ಬರೆದುಕೊಟ್ಟು ಕರೆಸಿದವರಲ್ಲಿ ಇನ್ನೂ ಹೊಣೆ ಮುಗಿಯದವರು – ಇಷ್ಟೂ ಜನ ಲೆಕ್ಕಕ್ಕೆ ಬರುತ್ತಾರೆ. ಕೊನೆಯದನ್ನು ಮರೆಯುವವರು ಹೆಚ್ಚು. ತಂದೆ-ತಾಯಿಗೆ ಗ್ರೀನ್ ಕಾರ್ಡ್ ಮಾಡಿಸಿದ್ದರೆ, ಅವರು ಬೇರೆ ಮನೆಯಲ್ಲಿದ್ದರೂ ಎಣಿಸಲೇಬೇಕು. ಬರಿಯ ವಿಸಿಟರ್ ವೀಸಾದಲ್ಲಿ ಬಂದು ಹೋಗುವ ಅತ್ತೆ-ಮಾವ ಲೆಕ್ಕಕ್ಕಿಲ್ಲ.

ಒಬ್ಬರನ್ನು ಎರಡು ಸಲ ಎಣಿಸುವುದು ಇನ್ನೊಂದು ಎಡವಟ್ಟು. ಐದನೇ ಭಾಗದಲ್ಲಿ ಬರುವವರ ಸಂಖ್ಯೆಗೆ ಒಂದು ಸಾಲಿದೆ, ‘ಮದುವೆಯಾಗಿದ್ದರೆ 1 ಬರೆಯಿರಿ’ ಎನ್ನುವ ಸಾಲು ಬೇರೆ ಇದೆ. ನೀವು ಕರೆಸುತ್ತಿರುವುದೇ ಸಂಗಾತಿಯನ್ನಾದ್ದರಿಂದ ಮೊದಲನೆಯ ಸಾಲಿನಲ್ಲೇ ಅವರು ಬಂದಾಯಿತು. ಎರಡನೆಯದರಲ್ಲಿ ಮತ್ತೆ 1 ಬರೆದರೆ ಇಬ್ಬರ ಮನೆ ಮೂವರದಾಗಿ, ಬೇಕಾದ ಆದಾಯ ಸುಮ್ಮನೆ ಏರುತ್ತದೆ.

ಏರಿಕೆ ಸಣ್ಣದಲ್ಲ. ಬೇಕಾದದ್ದು ಫೆಡರಲ್ ಬಡತನ ಮಾರ್ಗಸೂಚಿಯ (ಅಮೆರಿಕ ಸರ್ಕಾರ ಗೊತ್ತುಮಾಡುವ ಬಡತನದ ಗಡಿ) ಶೇ. 125. 2025ರ ಪಟ್ಟಿಯಲ್ಲಿ 48 ರಾಜ್ಯಗಳಿಗೆ ಇಬ್ಬರ ಮನೆಗೆ ವರ್ಷಕ್ಕೆ 26,437 ಡಾಲರ್, ಮೂವರಿಗೆ 33,312, ನಾಲ್ವರಿಗೆ 40,187 ಇತ್ತು. ಅಲಾಸ್ಕಾ, ಹವಾಯಿಗಳಲ್ಲಿ ಇನ್ನೂ ಹೆಚ್ಚು. ಸಕ್ರಿಯ ಸೇನಾ ಸೇವೆಯಲ್ಲಿರುವವರು ಸಂಗಾತಿಯನ್ನು ಕರೆಸುವಾಗ ಶೇ. 100 ಇದ್ದರೆ ಸಾಕು. ಅಂಕಿಗಳು ಪ್ರತಿ ವರ್ಷ ಬದಲಾಗುತ್ತವೆ. ಫಾರ್ಮ್ ತುಂಬುವ ದಿನ ಐ-864ಪಿ ಎಂಬ ಪಟ್ಟಿ ತೆಗೆದು ನೋಡಿ.

ಯಾವ ಆದಾಯ?

ಫಾರ್ಮ್ ಎರಡು ಬೇರೆ ಬೇರೆ ಅಂಕಿ ಕೇಳುತ್ತದೆ: ಈಗಿನ ವಾರ್ಷಿಕ ಆದಾಯ, ಮತ್ತು ಟ್ಯಾಕ್ಸ್ ರಿಟರ್ನ್‌ನಲ್ಲಿರುವ ಒಟ್ಟು ಆದಾಯ. ಎರಡನ್ನೂ ಒಂದೇ ಎಂದುಕೊಂಡು ಹೋದ ವರ್ಷದ ಅಂಕಿಯನ್ನೇ ಎರಡೂ ಕಡೆ ಬರೆಯಬೇಡಿ. ಹೋದ ಸೆಪ್ಟೆಂಬರಿನಲ್ಲಿ ತಿಂಗಳಿಗೆ 5,000 ಡಾಲರ್ ಕೆಲಸಕ್ಕೆ ಸೇರಿದವರ ಡಬ್ಲ್ಯೂ-2ನಲ್ಲಿ (ಕಂಪನಿ ಕೊಡುವ ವರ್ಷದ ಸಂಬಳದ ಪತ್ರ) ನಾಲ್ಕು ತಿಂಗಳ 20,000 ಮಾತ್ರ ಇರುತ್ತದೆ. ಈಗಿನ ಆದಾಯ 60,000. ಆ ಅಂತರವನ್ನು ಕಾಗದವೇ ಹೇಳಬೇಕು: ಸೇರಿದ ದಿನಾಂಕ, ಹುದ್ದೆ, ವಾರ್ಷಿಕ ಸಂಬಳ ನಮೂದಿಸಿದ ಕಂಪನಿಯ ಪತ್ರ, ಜೊತೆಗೆ ಕಳೆದ ಆರು ತಿಂಗಳ ಪೇ ಸ್ಲಿಪ್.

ಟ್ಯಾಕ್ಸ್‌ಗೆ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಟ್ರಾನ್ಸ್‌ಕ್ರಿಪ್ಟ್, ಅಂದರೆ ಇಲಾಖೆಯೇ ಕೊಡುವ ರಿಟರ್ನ್‌ನ ಸಾರಾಂಶ, ಕೊಡುವುದೇ ಮೇಲು. ಪುಕ್ಕಟೆಯಾಗಿ ಸಿಗುತ್ತದೆ, ಪುಟ ಬಿಟ್ಟುಹೋಗುವ ಭಯವೂ ಇಲ್ಲ. ಒಂದು ವರ್ಷದ್ದು ಕಡ್ಡಾಯ. ಮೂರು ವರ್ಷದ್ದು ಕೊಟ್ಟರೆ ನಿಮ್ಮ ಕೇಸಿಗೆ ಬಲ ಬರುವುದಾದರೆ ಕೊಡಿ. ರಿಟರ್ನ್‌ನ ಪ್ರತಿಯನ್ನೇ ಕೊಡುವುದಾದರೆ ಡಬ್ಲ್ಯೂ-2 ಮತ್ತು ಎಲ್ಲ ಶೆಡ್ಯೂಲ್‌ಗಳೂ ಜೊತೆಗಿರಲಿ.

ಸ್ವಂತ ವ್ಯವಹಾರದವರು ಇಲ್ಲಿ ಹುಷಾರಾಗಿರಬೇಕು. ವರ್ಷಕ್ಕೆ 90,000 ಡಾಲರ್ ವಹಿವಾಟು ನಡೆದರೂ, ಖರ್ಚು ಕಳೆದು ಶೆಡ್ಯೂಲ್ ಸಿಯಲ್ಲಿ (ರಿಟರ್ನ್‌ನ ವ್ಯವಹಾರದ ಲಾಭ-ನಷ್ಟದ ಹಾಳೆ) 24,000 ಲಾಭ ತೋರಿಸಿದ್ದರೆ ಲೆಕ್ಕಕ್ಕೆ ಬರುವುದು ಆ 24,000 ಮಾತ್ರ. ಬೇರೆ ಆದಾಯವಿಲ್ಲದಿದ್ದರೆ ಇಬ್ಬರ ಮನೆಗೂ ಅದು ಸಾಲದು. ತೆರಿಗೆ ಉಳಿಸಲು ತೋರಿಸಿದ ಖರ್ಚು ಈಗ ಅಡ್ಡ ಬರುತ್ತದೆ. ಅರ್ಜಿ ಹಾಕುವ ಹಿಂದಿನ ವರ್ಷವೇ ಇದನ್ನು ಯೋಚಿಸುವುದು ಒಳ್ಳೆಯದು.

ಸ್ಪಾನ್ಸರ್ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದ್ದರೆ ತೊಡಕು ಎರಡು. ಇಲ್ಲಿನ ಸಂಬಳ ಅಲ್ಲಿ ಹೋದ ಮೇಲೂ ಅದೇ ಮೂಲದಿಂದ ಬರುವುದಿಲ್ಲವಾದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಇನ್ನೊಂದು, ಅಮೆರಿಕದಲ್ಲಿ ವಾಸದ ನೆಲೆ ತೋರಿಸಬೇಕು. ಸಂಗಾತಿಗಿಂತ ಮುಂಚೆ ಅಥವಾ ಅವರ ಜೊತೆಯಲ್ಲೇ ಅಲ್ಲಿ ನೆಲೆಸುತ್ತೇನೆ ಎನ್ನುವುದಕ್ಕೆ ಮನೆ ಬಾಡಿಗೆ ಕರಾರು, ಕೆಲಸದ ಆಫರ್, ಬ್ಯಾಂಕ್ ಖಾತೆ, ಮಕ್ಕಳ ಶಾಲೆಗೆ ಸೇರ್ಪಡೆ ಇಂಥವು ಪುರಾವೆ. ಅಮೆರಿಕದ ಪ್ರಜೆಗಳು ಎಲ್ಲಿದ್ದರೂ ಜಗತ್ತಿನಾದ್ಯಂತದ ಆದಾಯ ತೋರಿಸಿ ರಿಟರ್ನ್ ಸಲ್ಲಿಸಬೇಕು. ‘ಭಾರತದಲ್ಲಿ ತೆರಿಗೆ ಕಟ್ಟಿದ್ದೇನಲ್ಲ’ ಎಂದು ಬಿಟ್ಟವರು ಬಾಕಿ ರಿಟರ್ನ್‌ಗಳನ್ನು ಮೊದಲು ಸಲ್ಲಿಸಿ, ಆಮೇಲೆ ಐ-864ಕ್ಕೆ ಕೈಹಾಕಬೇಕು.

ಆದಾಯ ಕಡಿಮೆ ಬಿದ್ದರೆ

ಒಂದು ದಾರಿ ಆಸ್ತಿ. ಅಮೆರಿಕದ ಪ್ರಜೆ ಸಂಗಾತಿಯನ್ನು ಕರೆಸುವಾಗ ಕೊರತೆಯ ಮೂರು ಪಟ್ಟು, ಗ್ರೀನ್ ಕಾರ್ಡ್‌ದಾರರು ಕರೆಸುವಾಗ ಐದು ಪಟ್ಟು ಆಸ್ತಿ ತೋರಿಸಬೇಕು. ಆದಾಯ 22,000, ಬೇಕಾದದ್ದು 26,437 ಎಂದಿಟ್ಟುಕೊಳ್ಳಿ. ಕೊರತೆ 4,437. ಪ್ರಜೆಗೆ 13,311 ಡಾಲರ್ ಸಾಕು, ಗ್ರೀನ್ ಕಾರ್ಡ್‌ದಾರರಿಗೆ 22,185 ಬೇಕು. ಬರುವ ಸಂಗಾತಿಯ ಸ್ವಂತ ಆಸ್ತಿಯನ್ನೂ ಸೇರಿಸಬಹುದು. ಇದು ಬಹಳ ಜನರಿಗೆ ತಿಳಿದಿಲ್ಲ.

ಷರತ್ತು ಎರಡು: ಆಸ್ತಿ ಒಂದು ವರ್ಷದೊಳಗೆ ನಗದಾಗುವಂತಿರಬೇಕು, ಅದು ಭಾರತದಲ್ಲಿದ್ದರೆ ಹಣ ಭಾರತದಿಂದ ಹೊರಗೆ ಹೋಗುವಂತಿರಬೇಕು. ಭಾರತದ ನಿವಾಸಿಗೆ ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಡಿ ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ, ಅನಿವಾಸಿಗೆ ಎನ್‌ಆರ್‌ಒ ಖಾತೆಯಿಂದ 10 ಲಕ್ಷ ಡಾಲರ್‌ವರೆಗೆ ಕಳಿಸಲು ಅವಕಾಶವಿದೆ. ಈ ಮಾತನ್ನು ಒಂದು ಪುಟದ ಪತ್ರದಲ್ಲಿ ಬರೆದು ಜೊತೆಗಿಡಿ. ಸೈಟು, ಫ್ಲ್ಯಾಟು ತೋರಿಸುವುದಾದರೆ ಕ್ರಯಪತ್ರ, ಖಾತಾ, ಇ.ಸಿ., ವ್ಯಾಲ್ಯುಯರ್ ವರದಿ ಬೇಕು. ಬೆಲೆಯಲ್ಲಿ ಸಾಲ ಕಳೆದು ಉಳಿದದ್ದಷ್ಟೇ ಲೆಕ್ಕ. ಕನ್ನಡದ ಕಾಗದಕ್ಕೆಲ್ಲ ಅನುವಾದಕರ ಸಹಿಯಿರುವ ಇಂಗ್ಲಿಷ್ ಅನುವಾದ ಹಚ್ಚಿ. ಅಣ್ಣತಮ್ಮಂದಿರ ನಡುವೆ ಇನ್ನೂ ಭಾಗವಾಗದ ಪಿತ್ರಾರ್ಜಿತ ಜಮೀನನ್ನು ತೋರಿಸದಿರುವುದೇ ಲೇಸು. ಅದು ವರ್ಷದೊಳಗೆ ಮಾರಾಟವಾಗುತ್ತದೆಂದು ನಂಬಿಸುವುದು ಕಷ್ಟ. ಬ್ಯಾಂಕ್ ಹಣಕ್ಕೆ 12 ತಿಂಗಳ ಸ್ಟೇಟ್‌ಮೆಂಟ್ ಕೊಡಿ. ಹೋದ ವಾರ ಯಾರೋ ಹಾಕಿದ ದೊಡ್ಡ ಮೊತ್ತ ಅದರಲ್ಲಿ ಎದ್ದು ಕಾಣುತ್ತದೆ.

ಸ್ಪಾನ್ಸರ್‌ನ ಜೊತೆ ಒಂದೇ ಮನೆಯಲ್ಲಿರುವ ತಂದೆ, ತಾಯಿ, ಅಣ್ಣ, ತಂಗಿ ಐ-864ಎಗೆ (ಮನೆಯವರ ಮುಚ್ಚಳಿಕೆ) ಸಹಿ ಹಾಕಿ ತಮ್ಮ ಆದಾಯ ಸೇರಿಸಬಹುದು.

ಇದ್ಯಾವುದೂ ಆಗದಿದ್ದರೆ ಜಾಯಿಂಟ್ ಸ್ಪಾನ್ಸರ್, ಅಂದರೆ ನಿಮ್ಮ ಜೊತೆಗೆ ಅದೇ ಹೊಣೆ ಹೊರುವ ಇನ್ನೊಬ್ಬರು. ಅವರು 18 ತುಂಬಿದ, ಅಮೆರಿಕದಲ್ಲಿ ನೆಲೆಸಿರುವ ಪ್ರಜೆ ಅಥವಾ ಗ್ರೀನ್ ಕಾರ್ಡ್‌ದಾರರಾಗಿದ್ದರೆ ಆಯಿತು, ನೆಂಟರೇ ಆಗಬೇಕಿಲ್ಲ. ಆದರೆ ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾ ಮೇಲಿರುವ ಸ್ನೇಹಿತ ಎಷ್ಟೇ ದುಡಿಯಲಿ, ಆಗುವುದಿಲ್ಲ. ನಿಮ್ಮ ಆದಾಯ, ಅವರ ಆದಾಯ ಕೂಡಿಸಿ ಗಡಿ ಮುಟ್ಟಿಸುವಂತಿಲ್ಲ. ಅವರ ಮನೆಮಂದಿಗೆ ನಿಮ್ಮ ಸಂಗಾತಿಯನ್ನು ಸೇರಿಸಿದ ಸಂಖ್ಯೆಗೆ ಅವರೊಬ್ಬರದೇ ಪೂರ್ತಿ ಸಾಲಬೇಕು. ನಿಮ್ಮ ಆದಾಯ ಸೊನ್ನೆಯಾದರೂ ನಿಮ್ಮ ಐ-864 ಪ್ರತ್ಯೇಕವಾಗಿ ಹೋಗಲೇಬೇಕು.

ಸಹಿ ಹಾಕಿಸುವ ಮುಂಚೆ ಅವರಿಗೆ ಇದನ್ನು ಬಿಡಿಸಿ ಹೇಳಿ: ಕರೆಸಿದವರು ಪ್ರಜೆಯಾಗುವವರೆಗೆ, ಅಥವಾ ಅವರ ಲೆಕ್ಕಕ್ಕೆ 40 ಕ್ವಾರ್ಟರ್ (ಸುಮಾರು ಹತ್ತು ವರ್ಷ) ಕೆಲಸ ಸೇರುವವರೆಗೆ, ಅಥವಾ ಗ್ರೀನ್ ಕಾರ್ಡ್ ಬಿಟ್ಟು ದೇಶ ತೊರೆಯುವವರೆಗೆ, ಇಲ್ಲವೇ ಸಾಯುವವರೆಗೆ ಹೊಣೆ ತಪ್ಪದು. ವಿಚ್ಛೇದನವಾದರೂ ಅದು ಕಳಚುವುದಿಲ್ಲ. ಉಪಕಾರ ಮಾಡಲು ಬಂದವರನ್ನು ಕತ್ತಲಲ್ಲಿಡುವುದು ಸರಿಯಲ್ಲ.

ಎನ್‌ವಿಸಿಯಿಂದ ಮುಂಬೈಗೆ

ಮಂಜೂರಾದ ಕೇಸನ್ನು ಸಂದರ್ಶನಕ್ಕೆ ಸಿದ್ಧಪಡಿಸುವ ನ್ಯಾಷನಲ್ ವೀಸಾ ಸೆಂಟರ್‌ಗೆ (ಎನ್‌ವಿಸಿ) 120 ಡಾಲರ್ ಅಫಿಡವಿಟ್ ಶುಲ್ಕ, 325 ಡಾಲರ್ ವೀಸಾ ಶುಲ್ಕ ಕಟ್ಟಿ, ಕಾಗದಗಳನ್ನು ಆನ್‌ಲೈನಿನಲ್ಲಿ ಏರಿಸಬೇಕು. ನೋಟರಿ ಬೇಡ. ಆದರೆ ಸಹಿ ಪೆನ್ನಿನದಾಗಿರಲಿ. ಟೈಪು ಮಾಡಿದ ಹೆಸರು ಸಹಿಯಲ್ಲ. ಖಾಲಿ ಪುಟವೂ ಸೇರಿ ಎಲ್ಲ ಪುಟಗಳನ್ನು ಸ್ಕ್ಯಾನ್ ಮಾಡಿ, ಫಾರ್ಮಿನ ಕೆಳಗಿರುವ ಆವೃತ್ತಿಯ ದಿನಾಂಕ ಚಾಲ್ತಿಯಲ್ಲಿದೆಯೇ ನೋಡಿ.

ಎನ್‌ವಿಸಿ ಕಾಗದ ಒಪ್ಪಿದ ಮೇಲೆ ಮುಂಬೈ ಕಾನ್ಸುಲೇಟಿನ ಸಂದರ್ಶನಕ್ಕೆ ತಿಂಗಳುಗಳೇ ಹಿಡಿಯಬಹುದು. ಅಷ್ಟರಲ್ಲಿ ಪೇ ಸ್ಲಿಪ್ ಹಳತಾಗುತ್ತದೆ, ನಡುವೆ ಏಪ್ರಿಲ್ ದಾಟಿದ್ದರೆ ಹೊಸ ರಿಟರ್ನ್ ಬಂದಿರುತ್ತದೆ. ಸಂಗಾತಿಯ ಕೈಯಲ್ಲಿ ಇತ್ತೀಚಿನ ಮೂರು ನಾಲ್ಕು ಪೇ ಸ್ಲಿಪ್, ಹೊಸ ಟ್ರಾನ್ಸ್‌ಕ್ರಿಪ್ಟ್, ಹೊಸ ದಿನಾಂಕದ ಕಂಪನಿ ಪತ್ರ ಇರಲಿ. ಸ್ಪಾನ್ಸರ್ ಕೆಲಸ ಬದಲಿಸಿದ್ದರೆ ಹೊಸ ಐ-864 ತುಂಬಿಯೇ ಕಳಿಸಿ. ಕಾಗದ ಸಾಲದೆ ಸಂದರ್ಶನದಲ್ಲಿ 221(ಜಿ) ಚೀಟಿ (ವೀಸಾ ಸದ್ಯಕ್ಕೆ ತಡೆದಿದೆ ಎನ್ನುವ ಸೂಚನೆ) ಕೊಟ್ಟರೆ ಗಾಬರಿ ಬೇಡ. ಅದರಲ್ಲಿ ಕೇಳಿದ್ದನ್ನು ಒದಗಿಸಲು ಒಂದು ವರ್ಷದ ಅವಧಿಯಿದೆ. ಕೇಳಿದಷ್ಟನ್ನೂ ಒಟ್ಟಿಗೆ, ಚೀಟಿಯಲ್ಲಿ ಹೇಳಿದ ರೀತಿಯಲ್ಲೇ ಕಳಿಸಿ.