ಅಮೆರಿಕದ ಕಾಲೇಜಿನಲ್ಲಿ ಮೊದಲ ಸ್ಪ್ಯಾನಿಷ್ ಕೋರ್ಸ್: ‘ಎ’ ಗ್ರೇಡ್ ತೆಗೆಯುವುದು ಹೇಗೆ?

ಅಮೆರಿಕಕ್ಕೆ ಡಿಗ್ರಿ ಓದಲು ಬಂದ ನಮ್ಮೂರ ಮಕ್ಕಳು ಸ್ಪ್ಯಾನಿಷ್ 101ರಲ್ಲಿ ಅಂಕ ಕಳೆದುಕೊಳ್ಳುವುದು ಭಾಷೆ ಬರದೆ ಅಲ್ಲ. ಟೆಸ್ಟ್‌ಗಳಲ್ಲಿ ತೊಂಬತ್ತರ ಮೇಲೇ ಬಂದಿರುತ್ತದೆ. ಸೆಮಿಸ್ಟರ್ ಮುಗಿದಾಗ ನೋಡಿದರೆ ಗ್ರೇಡ್ ಮಾತ್ರ ಬಿ ಮೈನಸ್! ಕಾಲೇಜಿನ ಟ್ಯೂಟರಿಂಗ್ ಸೆಂಟರ್‌ನಲ್ಲಿ ಸ್ಪ್ಯಾನಿಷ್ ಹೇಳಿಕೊಡುವ ನನಗೆ ಈ ದೂರು ಪ್ರತಿ ಡಿಸೆಂಬರ್‌ನಲ್ಲೂ ಕೇಳಿಸುತ್ತದೆ. ಎಲ್ಲಿ ತಪ್ಪಿತು ಅಂತ ಮಕ್ಕಳಿಗೂ ಗೊತ್ತಿರುವುದಿಲ್ಲ, ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಇರುವ ಅಪ್ಪ ಅಮ್ಮನಿಗೂ ಗೊತ್ತಾಗುವುದಿಲ್ಲ. ಕೊನೆಯ ಹದಿನೈದು ದಿನ ಕೂತು ಓದಿ ಪಾಸಾಗುವ ನಮ್ಮ ಅಭ್ಯಾಸ ಈ ಕೋರ್ಸಿನಲ್ಲಿ ನಡೆಯುವುದಿಲ್ಲ. ಇಲ್ಲಿ ಅಂಕ ದಿನಾ ಸೇರುತ್ತದೆ, ದಿನಾ ಸೋರುತ್ತದೆ.

ಹೆಜ್ಜೆ 1: ಕೋರ್ಸ್ ನಿಮಗೆ ಬೇಕಾ, ನೋಡಿ

ಎಂಜಿನಿಯರಿಂಗ್ ಓದುವವರಿಗೆ ವಿದೇಶಿ ಭಾಷೆ ಸಾಮಾನ್ಯವಾಗಿ ಕಡ್ಡಾಯ ಇರುವುದಿಲ್ಲ. ಆರ್ಟ್ಸ್ ಅಂಡ್ ಸೈನ್ಸಸ್ ವಿಭಾಗದಲ್ಲಿ ಸೈಕಾಲಜಿ, ಎಕನಾಮಿಕ್ಸ್ ಥರದ್ದು ಓದುವವರಿಗೆ ಹಲವು ಕಡೆ ಇರುತ್ತದೆ. ಬೇರೆ ಭಾಷೆಯಲ್ಲಿ ಓದಿ ಬಂದವರಿಗೆ ವಿನಾಯಿತಿ ಕೊಡುವ ಕಾಲೇಜುಗಳೂ ಇವೆ. ಕನ್ನಡ ಮೀಡಿಯಂನಲ್ಲಿ ಓದಿದವರು, ಹತ್ತನೇ ಕ್ಲಾಸಿನವರೆಗೆ ಕನ್ನಡವನ್ನು ಮೊದಲ ಭಾಷೆಯಾಗಿ ಓದಿದವರು ಮಾರ್ಕ್ಸ್ ಕಾರ್ಡ್ ಹಿಡಿದು ಅಡ್ವೈಸರ್ ಹತ್ತಿರ ಹೋಗಿ ಕೇಳಿ. ನಿಯಮ ಕಾಲೇಜಿನಿಂದ ಕಾಲೇಜಿಗೆ ಬೇರೆ.

ವಿನಾಯಿತಿ ಸಿಕ್ಕರೂ ಸ್ಪ್ಯಾನಿಷ್ ತೆಗೆದುಕೊಳ್ಳಿ ಅಂತಲೇ ನನ್ನ ಸಲಹೆ. ಅಮೆರಿಕದಲ್ಲಿ 4 ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಆಡುವ ಮಾತು ಅದು.

ಹೆಜ್ಜೆ 2: ಸೆಕ್ಷನ್ ಆರಿಸುವುದು

ಮೊದಲು ಪ್ಲೇಸ್‌ಮೆಂಟ್ ಟೆಸ್ಟ್ (ಯಾವ ಹಂತದ ಕೋರ್ಸಿಗೆ ಸೇರಬೇಕು ಅಂತ ತೀರ್ಮಾನಿಸುವ ಪರೀಕ್ಷೆ) ಇದ್ದರೆ ಪ್ರಾಮಾಣಿಕವಾಗಿ ಬರೆಯಿರಿ. ಹೈಸ್ಕೂಲಿನಲ್ಲಿ ಎರಡು ಮೂರು ವರ್ಷ ಸ್ಪ್ಯಾನಿಷ್ ಓದಿದ ಇಲ್ಲಿನ ಕನ್ನಡದ ಮಕ್ಕಳು ‘ಸುಲಭದ ಎ’ಗಾಗಿ ಬೇಕಂತಲೇ ತಪ್ಪು ಬರೆದು 101ಕ್ಕೆ ಬರುತ್ತಾರೆ. ಹೈಸ್ಕೂಲ್ ದಾಖಲೆ ನೋಡಿದ ವಿಭಾಗದವರು ಎರಡನೇ ವಾರದಲ್ಲಿ ಹೊರಗೆ ಕಳಿಸುತ್ತಾರೆ. ಅಷ್ಟರಲ್ಲಿ ಮುಂದಿನ ಕೋರ್ಸ್ 102ರ ಸೀಟುಗಳು ಭರ್ತಿ.

ವಾರಕ್ಕೆ ನಾಲ್ಕೈದು ದಿನ, ದಿನಕ್ಕೆ 50 ನಿಮಿಷ ನಡೆಯುವ ಸೆಕ್ಷನ್ ಸಿಕ್ಕರೆ ಅದೇ ಒಳ್ಳೆಯದು. ಬೇಸಿಗೆ ರಜೆಯ ಆರು ವಾರದ ಕೋರ್ಸ್ ಬೇಡವೇ ಬೇಡ. ಇಡೀ ಸೆಮಿಸ್ಟರ್‌ನ ಪಾಠ ಅದರಲ್ಲಿ ತುರುಕಿರುತ್ತಾರೆ, ಒಂದು ದಿನ ಜ್ವರ ಬಂದರೆ ಎರಡು ಮೂರು ದಿನದ ಪಾಠ ಹೋಯಿತು. ಬೆಳಗ್ಗೆ ಎಂಟರ ಸೆಕ್ಷನ್ ನಿಜವಾಗಿ ಎದ್ದೇಳುವವರಿಗೆ ಮಾತ್ರ.

ಹೆಜ್ಜೆ 3: ಪುಸ್ತಕವಲ್ಲ, ಕೋಡ್ ಕೊಳ್ಳಿ

ಸೀನಿಯರ್ ಹತ್ತಿರ ಇಪ್ಪತ್ತು ಡಾಲರ್‌ಗೆ ಹಳೇ ಪುಸ್ತಕ ಸಿಕ್ಕಿತು ಅಂತ ಖುಷಿಪಡಬೇಡಿ. ಹೋಮ್‌ವರ್ಕ್ ಇರುವುದು ಪ್ರಕಾಶಕರ ವೆಬ್‌ಸೈಟಿನಲ್ಲಿ. ಅದಕ್ಕೆ ಆಕ್ಸೆಸ್ ಕೋಡ್ ಬೇಕು, ಒಂದು ಕೋಡ್ ಒಬ್ಬರಿಗೆ ಮಾತ್ರ. ನೂರು ಡಾಲರ್ ದಾಟುವುದು ಮಾಮೂಲು. ಕಾಲೇಜಿನ ಬುಕ್‌ಸ್ಟೋರ್ ಮತ್ತು ಪ್ರಕಾಶಕರ ಸೈಟ್, ಎರಡೂ ಕಡೆ ಬೆಲೆ ನೋಡಿ. 102 ಸಹ ಅದೇ ಪುಸ್ತಕದಲ್ಲಿ ನಡೆಯುವುದಾದರೆ ಜಾಸ್ತಿ ಅವಧಿಯ ಕೋಡೇ ಕೊನೆಗೆ ಅಗ್ಗ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಎರಡು ವಾರದ ತಾತ್ಕಾಲಿಕ ಪ್ರವೇಶ ಇದೆಯಾ ಅಂತ ಮೇಷ್ಟ್ರನ್ನು ಕೇಳಿ, ಹಲವು ಕಂಪನಿಗಳು ಕೊಡುತ್ತವೆ.

ಮೂವತ್ತು ದಿನದಲ್ಲಿ ಭಾಷೆ ಕಲಿಸುತ್ತೇವೆ ಅನ್ನುವ ಪುಸ್ತಕಗಳು, ಅಂಗೈಯಗಲದ ಅನುವಾದ ಯಂತ್ರಗಳು, ಇವಕ್ಕೆ ಒಂದು ಡಾಲರ್ ಕೂಡ ಹಾಕಬೇಡಿ. ಫೋನಿನ ಆಟದಂಥ ಆ್ಯಪ್‌ಗಳು ಪದ ಕಲಿಯಲು ಪರವಾಗಿಲ್ಲ, ಆದರೆ ಈ ಕೋರ್ಸಿನ ಯಾವ ಅಂಕಕ್ಕೂ ಅವು ನೇರವಾಗಿ ಸಹಾಯ ಮಾಡುವುದಿಲ್ಲ.

ಹೆಜ್ಜೆ 4: ಸಿಲಬಸ್ ಓದಿ, ಲೆಕ್ಕ ಹಾಕಿ

ಎಲ್ಲರೂ ಎಡವುವುದು ಇಲ್ಲೇ. ನಮ್ಮಲ್ಲಿ ಸಿಲಬಸ್ ಅಂದರೆ ಪಾಠಗಳ ಪಟ್ಟಿ. ಅಮೆರಿಕದಲ್ಲಿ ಮೊದಲ ದಿನ ಕೈಗೆ ಬರುವ, ಅಥವಾ ಕ್ಯಾನ್‌ವಾಸ್‌ನಲ್ಲಿ (ಕಾಲೇಜಿನ ಕೋರ್ಸ್‌ಗಳ ಆನ್‌ಲೈನ್ ತಾಣ) ಕಾಣುವ ಸಿಲಬಸ್ ಹಲವು ಪುಟಗಳ ನಿಯಮಾವಳಿ. ಯಾವುದಕ್ಕೆ ಎಷ್ಟು ಪರ್ಸೆಂಟ್, ಎಷ್ಟು ಕ್ಲಾಸ್ ತಪ್ಪಿಸಬಹುದು, ತಡವಾದರೆ ಎಷ್ಟು ಕಟ್, ಎಲ್ಲ ಅದರಲ್ಲಿದೆ. ಸೆಮಿಸ್ಟರ್ ಕೊನೆಯಲ್ಲಿ ನೀವು ಏನು ಕೇಳಿಕೊಂಡರೂ ಮೇಷ್ಟ್ರು ಅದನ್ನೇ ತೆಗೆದು ತೋರಿಸುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಟೆಸ್ಟ್‌ಗಳಿಗೆ 30 ಪರ್ಸೆಂಟ್, ಆನ್‌ಲೈನ್ ಹೋಮ್‌ವರ್ಕ್‌ಗೆ 20, ಹಾಜರಿ ಮತ್ತು ಕ್ಲಾಸಿನಲ್ಲಿ ಭಾಗವಹಿಸುವುದಕ್ಕೆ 15, ಫೈನಲ್ ಪರೀಕ್ಷೆಗೆ 15, ಪ್ರಬಂಧಗಳಿಗೆ 10, ಮಾತಿನ ಪರೀಕ್ಷೆಗೆ 10. ಸಂಖ್ಯೆಗಳು ಕಾಲೇಜಿಗೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತವೆ, ಹಂಚಿಕೆಯ ರೀತಿ ಸುಮಾರಾಗಿ ಇದೇ.

ಈಗ ಜಾಣ ಹುಡುಗನೊಬ್ಬ ಇದ್ದಾನೆ ಅಂದುಕೊಳ್ಳಿ. ಟೆಸ್ಟ್‌ಗಳಲ್ಲಿ 94, ಫೈನಲ್‌ನಲ್ಲಿ 92, ಪ್ರಬಂಧದಲ್ಲಿ 88, ಮಾತಿನ ಪರೀಕ್ಷೆಯಲ್ಲಿ 80. ಆದರೆ ಹೋಮ್‌ವರ್ಕ್ ಆಗಾಗ ಮರೆತು 62, ಕ್ಲಾಸಿನಲ್ಲಿ ಹಿಂದೆ ಕೂತು ಸುಮ್ನೆ ಇದ್ದು 70. ಕೂಡಿಸಿ: 28.2, 13.8, 8.8, 8, 12.4, 10.5. ಒಟ್ಟು 81.7. ಹೆಚ್ಚಿನ ಕಡೆ ಇದು ಬಿ ಮೈನಸ್. ಅದೇ ಹುಡುಗ, ಅದೇ ಟೆಸ್ಟ್ ಅಂಕ, ಹೋಮ್‌ವರ್ಕ್ ಮತ್ತು ಭಾಗವಹಿಸುವಿಕೆ ಮಾತ್ರ 95ಕ್ಕೆ ಏರಿದರೆ ಒಟ್ಟು 92ಕ್ಕೆ ಬರುತ್ತದೆ, ಅಂದರೆ ಎ ಮೈನಸ್. ಇನ್ನೊಂದು ಪರ್ಸೆಂಟ್ ದಾಟಿದರೆ ಎ. ಹತ್ತು ಅಂಕದ ವ್ಯತ್ಯಾಸಕ್ಕೆ ಹೆಚ್ಚುವರಿ ಬುದ್ಧಿ ಏನೂ ಬೇಕಾಗಿಲ್ಲ. ದಿನಕ್ಕೆ ಮುಕ್ಕಾಲು ಗಂಟೆ ಕೂತಿದ್ದರೆ ಸಾಕಿತ್ತು.

ಈ ಲೆಕ್ಕವನ್ನು ನಿಮ್ಮ ಸಿಲಬಸ್‌ನ ಸಂಖ್ಯೆ ಇಟ್ಟು ಎಕ್ಸೆಲ್ ಶೀಟಿನಲ್ಲಿ ಮಾಡಿ, ಪ್ರತಿ ಶುಕ್ರವಾರ ತುಂಬಿಸಿ. ಕ್ಯಾನ್‌ವಾಸ್ ತೋರಿಸುವ ಮೊತ್ತವನ್ನು ಪೂರ್ತಿ ನಂಬಬೇಡಿ. ನೀವು ಕೊಡದೇ ಬಿಟ್ಟ ಕೆಲಸಕ್ಕೆ ಮೇಷ್ಟ್ರು ಸೊನ್ನೆ ಹಾಕುವ ತನಕ ಅಲ್ಲಿ ಕಾಣುವ ಅಂಕ ನಿಜಕ್ಕಿಂತ ಚೆನ್ನಾಗಿರುತ್ತದೆ.

ಲೆಕ್ಕ ಹಾಕಿದ ಮೇಲೆ ಸಿ ಕೂಡ ಬರುವುದು ಕಷ್ಟ ಅನ್ನಿಸಿದರೆ, ಸೆಮಿಸ್ಟರ್ ಮಧ್ಯದವರೆಗೂ ಕೋರ್ಸ್‌ನಿಂದ ಹೊರಬರಲು ಗಡುವು ಇರುತ್ತದೆ. ಎಫ್-1 (ವಿದ್ಯಾರ್ಥಿ) ವೀಸಾದವರು ಎಚ್ಚರ. ಡಿಗ್ರಿ ವಿದ್ಯಾರ್ಥಿಗಳು 12 ಕ್ರೆಡಿಟ್‌ಗಿಂತ ಕೆಳಗೆ ಇಳಿಯಬೇಕಾದರೆ ಇಂಟರ್‌ನ್ಯಾಷನಲ್ ಆಫೀಸಿನ ಅನುಮತಿ ಮೊದಲೇ ಬೇಕು. ಡ್ರಾಪ್ ಬಟನ್ ಒತ್ತಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಹೆಜ್ಜೆ 5: ಹೋಮ್‌ವರ್ಕ್, ಅದಕ್ಕೂ ಮೊದಲು ಕೀಬೋರ್ಡ್

ಸ್ಪ್ಯಾನಿಷ್ ಸ್ವರಗಳ ಮೇಲೆ ಸಣ್ಣ ಗೀಟು ಬರುತ್ತದೆ, ‘ಞ’ ಉಚ್ಚಾರಣೆಯ ಅಕ್ಷರದ ಮೇಲೆ ಅಲೆಯಂಥ ಗೀಟು. ಆನ್‌ಲೈನ್ ಹೋಮ್‌ವರ್ಕ್ ತಿದ್ದುವುದು ಕಂಪ್ಯೂಟರ್. ಗೀಟು ಬಿಟ್ಟರೆ ಉತ್ತರ ಸರಿಯಿದ್ದರೂ ಹೆಚ್ಚಿನ ಕಡೆ ತಪ್ಪು ಅಂತಲೇ ಬರುತ್ತದೆ. ಗೀಟು ಅಲಂಕಾರ ಅಲ್ಲ. ‘ನನಗೆ ಹದಿನೆಂಟು ವರ್ಷ’ ಅಂತ ಬರೆಯುವಾಗ ವರ್ಷದ ಪದದಲ್ಲಿ ಆ ಅಲೆ ಬಿಟ್ಟುಹೋದರೆ, ಮೇಷ್ಟ್ರ ಎದುರು ಆಡಬಾರದ ಮಾತಾಗುತ್ತದೆ.

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ‘ಯುನೈಟೆಡ್ ಸ್ಟೇಟ್ಸ್ ಇಂಟರ್‌ನ್ಯಾಷನಲ್’ ಕೀಬೋರ್ಡ್ ಸೇರಿಸಿ. ಅಪಾಸ್ಟ್ರಫಿ ಕೀ ಒತ್ತಿ ಸ್ವರ ಒತ್ತಿದರೆ ಗೀಟು ಬರುತ್ತದೆ. ಅಲೆಗೆ ಶಿಫ್ಟ್ ಹಿಡಿದು 1ರ ಎಡಗಡೆಯ ಕೀ ಒತ್ತಿ, ಆಮೇಲೆ ‘ಎನ್’. ತಲೆಕೆಳಗಾದ ಪ್ರಶ್ನೆ ಚಿಹ್ನೆಗೆ ಬಲಗಡೆಯ ಆಲ್ಟ್ ಜೊತೆ ಪ್ರಶ್ನೆ ಚಿಹ್ನೆಯ ಕೀ. ಇಂಗ್ಲಿಷ್ ಬರೆಯುವಾಗ ಅಪಾಸ್ಟ್ರಫಿ ಬೇಕಾದರೆ ಒತ್ತಿದ ಮೇಲೆ ಸ್ಪೇಸ್ ಒತ್ತಬೇಕು, ಎರಡು ದಿನದಲ್ಲಿ ರೂಢಿಯಾಗುತ್ತದೆ. ಮ್ಯಾಕ್‌ನಲ್ಲಿ ಆಪ್ಷನ್ ಹಿಡಿದು ‘ಇ’, ಆಮೇಲೆ ಸ್ವರ. ಅಲೆಗೆ ಆಪ್ಷನ್ ಹಿಡಿದು ‘ಎನ್’, ಮತ್ತೆ ‘ಎನ್’. ಹೋಮ್‌ವರ್ಕ್ ಸೈಟಿನಲ್ಲೇ ಅಕ್ಷರಗಳ ಬಟನ್ ಇರುತ್ತದೆ ನಿಜ. ಪ್ರತಿ ಪದಕ್ಕೂ ಮೌಸ್ ಹಿಡಿಯುತ್ತಾ ಕೂತರೆ ಬೇಸರ ಬಂದು ಗೀಟು ಬಿಡಲು ಶುರುಮಾಡುತ್ತೀರಿ.

ಕ್ಲಾಸ್ ಆದ ದಿನವೇ ಒಂದು ಸುತ್ತು ಮಾಡಿ. ಎರಡು ಮೂರು ಸಲ ಪ್ರಯತ್ನಿಸಲು ಬಿಡುವ ಸೈಟುಗಳೇ ಜಾಸ್ತಿ, ತಪ್ಪಾದದ್ದನ್ನು ಮರುದಿನ ಬೆಳಗ್ಗೆ ತಿದ್ದಿ. ಭಾನುವಾರ ರಾತ್ರಿ 11.59ರ ಗಡುವಿಗೆ ಹತ್ತು ಗಂಟೆಗೆ ಕೂತರೆ ಒಂದು ದೊಡ್ಡ ತೊಂದರೆ ಇದೆ: ಕೆಲವು ಅಭ್ಯಾಸಗಳಿಗೆ ಆನ್‌ಲೈನ್‌ನಲ್ಲಿ ಇನ್ನೊಬ್ಬ ಸಹಪಾಠಿ ಬೇಕು, ಇಬ್ಬರೂ ಮಾತಾಡಿ ರೆಕಾರ್ಡ್ ಮಾಡಬೇಕು. ಆ ಹೊತ್ತಿನಲ್ಲಿ ಯಾರು ಸಿಗುತ್ತಾರೆ? ಮೊದಲ ವಾರವೇ ಒಬ್ಬ ಜೊತೆಗಾರನನ್ನು ಮಾಡಿಕೊಳ್ಳಿ, ವಾರದ ದಿನ, ಸಮಯ ಗೊತ್ತುಮಾಡಿಕೊಳ್ಳಿ.

ಹೆಜ್ಜೆ 6: ಕ್ಲಾಸಿನಲ್ಲಿ ಬಾಯಿ ಬಿಡಿ

ಬರೀ ಹಾಜರಿ ಹಾಕಿಸಿಕೊಂಡರೆ ಪೂರ್ತಿ ಅಂಕ ಬರುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಮಾತಾಡಿದಿರಾ, ಜೋಡಿ ಕೆಲಸದಲ್ಲಿ ಇಂಗ್ಲಿಷ್‌ಗೆ ಜಾರಿದಿರಾ, ಫೋನ್ ನೋಡಿದಿರಾ, ಎಲ್ಲವನ್ನೂ ಮೇಷ್ಟ್ರು ಗಮನಿಸುತ್ತಾರೆ. ನಮ್ಮ ಮಕ್ಕಳು ತಪ್ಪಾದೀತು ಅಂತ ಸುಮ್ಮನಿರುತ್ತಾರೆ. ತಪ್ಪು ಮಾತಿಗೆ ಇಲ್ಲಿ ಅಂಕ ಕಟ್ ಇಲ್ಲ, ಮೌನಕ್ಕೆ ಇದೆ. ದಿನಕ್ಕೆ ಎರಡು ಸಲ ಕೈ ಎತ್ತುವುದನ್ನು ನಿಯಮ ಮಾಡಿಕೊಳ್ಳಿ. ಏನೂ ಹೊಳೆಯದಿದ್ದರೆ ‘ಕೋಮೊ ಸೆ ದೀಸೆ’ (ಇದಕ್ಕೆ ಏನಂತಾರೆ) ಅಂತ ಕೇಳುವುದೂ ಭಾಗವಹಿಸುವಿಕೆಯೇ.

ಕಾರಣವಿಲ್ಲದೆ ತಪ್ಪಿಸಬಹುದಾದ ಕ್ಲಾಸ್‌ಗಳು ಹೆಚ್ಚಿನ ಕಡೆ ಎರಡು ಮೂರು. ಅದಾದ ಮೇಲೆ ಒಟ್ಟು ಗ್ರೇಡಿಗೇ ಪೆಟ್ಟು. ಹುಷಾರಿಲ್ಲದಿದ್ದರೆ ಕ್ಲಾಸಿಗೆ ಮೊದಲೇ ಇಮೇಲ್ ಹಾಕಿ. ದೀಪಾವಳಿ ಸೆಮಿಸ್ಟರ್ ಮಧ್ಯೆಯೇ ಬರುತ್ತದೆ, ಅಲ್ವಾ? ಧಾರ್ಮಿಕ ಹಬ್ಬಕ್ಕೆ ರಜೆ ಕೊಡುವ ನಿಯಮ ಹಲವು ಕಾಲೇಜುಗಳಲ್ಲಿದೆ, ಆದರೆ ಸೆಮಿಸ್ಟರ್ ಶುರುವಿನಲ್ಲೇ ಬರೆದು ಕೊಡಬೇಕು.

ಹೆಜ್ಜೆ 7: ಪ್ರಬಂಧ

ಅನುವಾದದ ಸೈಟ್, ಚಾಟ್‌ಬಾಟ್, ಎರಡನ್ನೂ ಮುಟ್ಟಬೇಡಿ. ಹೆಚ್ಚಿನ ಸಿಲಬಸ್‌ಗಳು ಇದನ್ನು ನಕಲು ಅಂತಲೇ ಬರೆದಿರುತ್ತವೆ. ಸೊನ್ನೆ ಸಿಗುತ್ತದೆ, ದೂರು ಡೀನ್ ಆಫೀಸಿಗೂ ಹೋಗಬಹುದು. ಹೇಗೆ ಸಿಕ್ಕಿಬೀಳುತ್ತಾರೆ ಅಂದರೆ, ಆರನೇ ವಾರದಲ್ಲಿ ವರ್ತಮಾನ ಕಾಲ ಮಾತ್ರ ಕಲಿತಿರುವ ಹುಡುಗಿಯ ಪ್ರಬಂಧದಲ್ಲಿ ಎರಡನೇ ವರ್ಷದಲ್ಲಿ ಬರುವ ಕ್ರಿಯಾರೂಪ ಕಾಣುತ್ತದೆ. ಮೇಷ್ಟ್ರು ಕರೆದು ‘ಈ ವಾಕ್ಯ ವಿವರಿಸಮ್ಮ’ ಅಂದರೆ ಉತ್ತರ ಇಲ್ಲ. ಸ್ಪ್ಯಾನಿಷ್ ಮಾತಾಡುವ ರೂಮ್‌ಮೇಟ್ ಹತ್ತಿರ ತಿದ್ದಿಸುವುದನ್ನೂ ಎಷ್ಟೋ ಕಡೆ ಒಪ್ಪುವುದಿಲ್ಲ.

ಇಂಗ್ಲಿಷ್‌ನಲ್ಲಿ ಬರೆದುಕೊಂಡು ಆಮೇಲೆ ಸ್ಪ್ಯಾನಿಷ್ ಮಾಡುವ ಕ್ರಮ ಬಿಡಿ. ಪುಸ್ತಕದ ಆ ಪಾಠದ ಪದಗಳನ್ನೇ ಮುಂದಿಟ್ಟುಕೊಂಡು ಅವುಗಳಿಂದ ಎಷ್ಟು ಹೇಳಬಹುದೋ ಅಷ್ಟೇ ಹೇಳಿ. ಮುಗಿದ ಮೇಲೆ ಎರಡು ಸಲ ಓದಿ. ಒಂದು ಸಲ ಕ್ರಿಯಾಪದ ಕರ್ತೃವಿಗೆ ಹೊಂದಿದೆಯಾ ಅಂತ ಮಾತ್ರ, ಇನ್ನೊಂದು ಸಲ ವಿಶೇಷಣ ನಾಮಪದದ ಲಿಂಗ ವಚನಕ್ಕೆ ಹೊಂದಿದೆಯಾ ಅಂತ ಮಾತ್ರ. ಒಂದೇ ಓದಿನಲ್ಲಿ ಎರಡೂ ಹಿಡಿಯಲು ಹೋದರೆ ಎರಡೂ ತಪ್ಪುತ್ತವೆ. ಪದ ಬೇಕಾದರೆ ವರ್ಡ್‌ರೆಫರೆನ್ಸ್ ನಿಘಂಟು ಸಾಕು.

ಹೆಜ್ಜೆ 8: ಮಾತಿನ ಪರೀಕ್ಷೆ

ಐದು ಹತ್ತು ನಿಮಿಷದ್ದು, ಮೇಷ್ಟ್ರ ಜೊತೆ ಅಥವಾ ಸಹಪಾಠಿಯ ಜೊತೆ. ‘ವಾರದ ಕೊನೆಯಲ್ಲಿ ಏನು ಮಾಡುತ್ತೀಯ?’ ಅಂದರೆ ‘ಎಸ್ತೂದಿಯೊ’ (ಓದುತ್ತೇನೆ) ಅಂತ ಒಂದೇ ಪದ ಹೇಳಿ ಕೂರಬೇಡಿ. ಯಾವಾಗ, ಯಾರ ಜೊತೆ, ಯಾಕೆ, ಇಷ್ಟನ್ನು ಸೇರಿಸಿ, ಕೊನೆಗೆ ತಿರುಗಿ ಅವರನ್ನೇ ಕೇಳಿ. ಪ್ರಶ್ನೆ ಅರ್ಥವಾಗದಿದ್ದರೆ ‘ಮಾಸ್ ದೆಸ್ಪಾಸಿಯೊ, ಪೊರ್ ಫವೋರ್’ (ಸ್ವಲ್ಪ ನಿಧಾನ, ದಯವಿಟ್ಟು) ಅನ್ನಿ. ಗಾಬರಿಯಿಂದ ಇಂಗ್ಲಿಷ್‌ಗೆ ಹೋಗುವುದಕ್ಕಿಂತ ಇದು ಎಷ್ಟೋ ವಾಸಿ. ಉರುಹೊಡೆದ ಭಾಷಣ ಒಪ್ಪಿಸಿದರೆ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಇಲ್ಲಿ ಕನ್ನಡಿಗರಿಗೆ ಅನುಕೂಲವಿದೆ. ನಮ್ಮ ತ, ದ ಸ್ಪ್ಯಾನಿಷ್‌ಗೆ ಹಾಗೇ ಹೊಂದುತ್ತವೆ. ‘ತೂ’, ‘ಉಸ್ತೆದ್’ ನಮ್ಮ ನೀನು, ನೀವು ಇದ್ದ ಹಾಗೇ. ‘ಮೆ ಗುಸ್ತಾ ಎಲ್ ಕಫೆ’ ಅಂದರೆ ‘ನನಗೆ ಕಾಫಿ ಇಷ್ಟ’. ಅಮೆರಿಕದ ಸಹಪಾಠಿಗಳು ಒದ್ದಾಡುವ ಈ ವಾಕ್ಯರಚನೆ ನಮ್ಮ ಮನೆಮಾತಿನಲ್ಲೇ ಇದೆ. ಆದ್ದರಿಂದ ಸ್ಪ್ಯಾನಿಷ್ ವ್ಯಾಕರಣವನ್ನು ಇಂಗ್ಲಿಷ್ ಮೂಲಕ ಯೋಚಿಸಬೇಡಿ, ಕನ್ನಡದ ಮೂಲಕ ಯೋಚಿಸಿ. ನಾನು ಇಲ್ಲಿ ಸ್ಪ್ಯಾನಿಷನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ನಿಮ್ಮ ನೋಟ್‌ಬುಕ್ಕಿನಲ್ಲಿ ಹಾಗೆ ಮಾಡಬೇಡಿ. ಗೀಟುಗಳು ತಲೆಯಲ್ಲಿ ಕೂರುವುದಿಲ್ಲ.

‘ಸೆರ್’, ‘ಎಸ್ತಾರ್’ ಮಾತ್ರ ಬೇರೆ ಕಥೆ. ಎರಡೂ ‘ಇರು’ವಿನ ಕೆಲಸವನ್ನೇ ಮಾಡುತ್ತವೆ. ಯಾವ ಊರಿನವರು, ಏನು ಕೆಲಸ ಅನ್ನುವುದಕ್ಕೆ ಮೊದಲನೆಯದು, ಸುಸ್ತಾಗಿದೆ, ಮನೆಯಲ್ಲಿದ್ದೇನೆ ಅನ್ನುವುದಕ್ಕೆ ಎರಡನೆಯದು. ಪ್ರತಿ ಟೆಸ್ಟ್‌ನಲ್ಲೂ ಬರುತ್ತದೆ. ಸ್ವಂತ ಜೀವನದ ವಾಕ್ಯಗಳನ್ನೇ ಬರೆದು ಬರೆದು ಅಭ್ಯಾಸ ಮಾಡಿ.

ಹೆಜ್ಜೆ 9: ಫೈನಲ್

ಮೊದಲ ಪಾಠದಿಂದ ಕೊನೆಯವರೆಗೆ ಎಲ್ಲವೂ ಬರುತ್ತದೆ. ಹಳೇ ಟೆಸ್ಟ್‌ಗಳಲ್ಲಿ ತಪ್ಪಾದದ್ದನ್ನು ಮಾತ್ರ ಮತ್ತೆ ಮಾಡಿದರೆ ಸಾಕು. ಪರೀಕ್ಷೆಯ ದಿನ, ಗಂಟೆ ನಿಗದಿ ಮಾಡುವುದು ಯೂನಿವರ್ಸಿಟಿ, ಮೇಷ್ಟ್ರಲ್ಲ. ಅಪ್ಪ ಅಮ್ಮ ಅಗ್ಗ ಸಿಕ್ಕಿತು ಅಂತ ಡಿಸೆಂಬರ್ ಮೊದಲ ವಾರಕ್ಕೆ ಬೆಂಗಳೂರಿನ ಟಿಕೆಟ್ ಮಾಡಿಸಿಬಿಡುತ್ತಾರೆ. ವಿಮಾನದ ಟಿಕೆಟ್ ತೋರಿಸಿದರೆ ಪರೀಕ್ಷೆಯ ದಿನ ಬದಲಾಗುವುದಿಲ್ಲ. ಫೈನಲ್ಸ್ ವೇಳಾಪಟ್ಟಿ ಕಾಲೇಜಿನ ಸೈಟಿನಲ್ಲಿ ಬಹಳ ಮೊದಲೇ ಇರುತ್ತದೆ, ಅದನ್ನು ಮನೆಗೆ ಕಳಿಸಿ, ಆಮೇಲೆ ಟಿಕೆಟ್.

102ಕ್ಕೆ ಹೋಗಲು ಹಲವು ಕಡೆ 101ರಲ್ಲಿ ಕನಿಷ್ಠ ಸಿ ಬೇಕು. ರಿಜಿಸ್ಟ್ರೇಷನ್ ನವೆಂಬರ್ ಹೊತ್ತಿಗೇ ಶುರುವಾಗುತ್ತದೆ. ಜನವರಿಯ ಸೆಮಿಸ್ಟರ್‌ನಲ್ಲೇ ಮುಂದುವರಿಸಿ. ಒಂದು ವರ್ಷ ಬಿಟ್ಟು ಬಂದವರು ಕ್ರಿಯಾಪದಗಳನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ.