ಗೇರು ಹಣ್ಣಿನಿಂದ ಗ್ಲಾಸಿನವರೆಗೆ: ಗೋವಾದ ಫೆನಿ ಭಟ್ಟಿಯಲ್ಲಿ ಕಳೆದ ಒಂದು ಹಗಲು

ಅಂಕೋಲಾ ತಾಲೂಕಿನಲ್ಲಿ ನಮಗೆ ಮೂರು ಎಕರೆ ಗೇರು ತೋಟವಿದೆ. ಮಾರ್ಚ್‌ನಿಂದ ಮೇ ಮಧ್ಯದವರೆಗೆ ದಿನವೂ ಬೆಳಿಗ್ಗೆ ಬುಟ್ಟಿ ಹಿಡಿದು ಹೋಗಿ, ಬಿದ್ದ ಹಣ್ಣುಗಳನ್ನು ಹೆಕ್ಕಿ, ಬೀಜವನ್ನು ತಿರುಚಿ ಕಿತ್ತುಕೊಂಡು, ಹಣ್ಣನ್ನು ಮರದ ಬುಡದಲ್ಲಿಯೇ ಎಸೆದು ಬರುವುದು ನಾನು ಚಿಕ್ಕಂದಿನಿಂದ ಮಾಡಿಕೊಂಡು ಬಂದ ಕೆಲಸ. ಬೀಜಕ್ಕೆ ಬೆಲೆಯಿದೆ, ಅದಕ್ಕಿಂತ ಐದಾರು ಪಟ್ಟಿಗೂ ಹೆಚ್ಚು ತೂಗುವ ಹಣ್ಣನ್ನು ಕೇಳುವವರಿಲ್ಲ. ದನಗಳು ತಿಂದಷ್ಟು ತಿನ್ನುತ್ತವೆ, ಉಳಿದದ್ದು ಎರಡೇ ದಿನಗಳಲ್ಲಿ ಹುಳಿತು ನೊಣ ಕೂರಿಸಿಕೊಳ್ಳುತ್ತದೆ. ಕಾಳಿ ನದಿಯನ್ನು ದಾಟಿ ಗೋವಾದ ಗಡಿಯೊಳಗೆ ಕಾಲಿಟ್ಟರೆ ಇದೇ ಹಣ್ಣಿನಿಂದ ಒಂದು ನಾಡಿನ ಹೆಸರನ್ನೇ ಹೊತ್ತ ಪಾನೀಯ ತಯಾರಾಗುತ್ತದೆ ಎಂಬುದು ನನಗೆ ಗೊತ್ತಿತ್ತಾದರೂ, ಅದು ಹೇಗೆ ತಯಾರಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡು, ನಾಲಿಗೆಯಿಂದ ಪರೀಕ್ಷಿಸಿ ನೋಡಬೇಕೆಂಬ ಆಸೆ ಈಡೇರಲು ಎರಡು ಪ್ರವಾಸಗಳೇ ಬೇಕಾದವು.

ಮೊದಲ ಸಲ ಹೋದದ್ದು ನವೆಂಬರಿನಲ್ಲಿ. ಪ್ರವಾಸಿಗರಿಗಾಗಿಯೇ ಏರ್ಪಡಿಸಿದ್ದ ಒಂದು ವೀಕ್ಷಣೆಗೆ ಹಣ ಕಟ್ಟಿ ಹೋಗಿದ್ದೆ. ತೊಳೆದು ಹೊಳಪು ಕೊಟ್ಟ ತಾಮ್ರದ ಹಂಡೆಯನ್ನು ತೋರಿಸಿದರು, ಹತ್ತು ನಿಮಿಷ ಇತಿಹಾಸ ಹೇಳಿದರು, ನಾಲ್ಕು ಪುಟ್ಟ ಗ್ಲಾಸುಗಳನ್ನು ಒಂದರ ಹಿಂದೊಂದು ಕೈಗಿತ್ತು ನೇರವಾಗಿ ಮಾರಾಟದ ಕೋಣೆಗೆ ಕರೆದೊಯ್ದರು. ಒಲೆಯಲ್ಲಿ ಬೆಂಕಿಯಿರಲಿಲ್ಲ, ಅಂಗಳದಲ್ಲಿ ಒಂದೇ ಒಂದು ಹಣ್ಣೂ ಇರಲಿಲ್ಲ. ಆ ಬೇಸರದಲ್ಲಿ ನನ್ನ ತಪ್ಪೂ ಸೇರಿತ್ತು. ಗೇರು ಹಣ್ಣು ಇಟ್ಟುಕೊಂಡು ಬಳಸುವ ಹಣ್ಣಲ್ಲ. ಫೆನಿಯ ಕೆಲಸವೆಲ್ಲ ಫೆಬ್ರವರಿಯ ಕೊನೆಯಿಂದ ಮೇ ತಿಂಗಳೊಳಗೆ ಮುಗಿದುಹೋಗುತ್ತದೆ. ವಿಸ್ಕಿ ತಯಾರಿಸುವ ಕಡೆ ಈ ತೊಂದರೆಯಿಲ್ಲ. ಬೆಂಗಳೂರಿನ ಕಂಪನಿಯೊಂದು ದಕ್ಷಿಣ ಗೋವಾದ ಕುಂಕಳ್ಳಿಯಲ್ಲಿ ತಯಾರಿಸುವ ಪಾಲ್ ಜಾನ್ ವಿಸ್ಕಿಗೆ ಬೇಕಾದ ಬಾರ್ಲಿ ಒಣ ಕಾಳಾದ್ದರಿಂದ ಅದನ್ನು ಕೂಡಿಟ್ಟು ಬಳಸಬಹುದು. ಫೆನಿಯನ್ನು ನೋಡಬೇಕೆನ್ನುವವರು ಮಾತ್ರ ಹಣ್ಣು ಬೀಳುವ ಕಾಲಕ್ಕೇ ಹೋಗಬೇಕು.

ಎರಡನೆಯ ಸಲ ಏಪ್ರಿಲ್ ಎರಡನೆಯ ವಾರವನ್ನು ಆರಿಸಿಕೊಂಡೆ. ಮಡಗಾಂವಿನಲ್ಲಿ ಕೆಲಸದಲ್ಲಿರುವ ನನ್ನ ಭಾವ, ಕೇಪೆ ತಾಲೂಕಿನ ಗುಡ್ಡದ ಮೇಲೆ ಮೂರು ತಲೆಮಾರುಗಳಿಂದ ಭಟ್ಟಿ ನಡೆಸುತ್ತಿರುವ ಒಂದು ಮನೆಯವರನ್ನು ಪರಿಚಯಿಸಿದರು. ಹೆಸರು ಬರೆಯುವುದು ಬೇಡವೆಂದು ಅವರು ಹೇಳಿರುವುದರಿಂದ, ಅಲ್ಲಿನ ರೂಢಿಯಂತೆ ನಾವು ಕರೆದ ‘ಬಾಬ್’ ಎಂಬ ಗೌರವದ ಮಾತನ್ನೇ ಇಲ್ಲಿಯೂ ಬಳಸುತ್ತೇನೆ. ಎರಡು ದಿನ ಮೊದಲೇ ಫೋನ್ ಮಾಡಿ ಅವರಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಯಾವ ದಿನ ಒಲೆ ಹೊತ್ತಿಸುತ್ತೀರಿ? ಹಿಂಡುವುದು, ಹುಳಿಸುವುದು, ಬಟ್ಟಿ ಇಳಿಸುವುದು ಮೂರೂ ಒಂದೇ ದಿನ ಕಾಣಸಿಗಬೇಕಾದರೆ ಹಿಂದಿನ ದಿನಗಳ ರಸ ಹದಕ್ಕೆ ಬಂದಿರಬೇಕು. “ಗುರುವಾರ ಬನ್ನಿ, ಎಂಟು ಗಂಟೆಯೊಳಗೆ ಬನ್ನಿ, ಹೊಟ್ಟೆ ತುಂಬಾ ತಿಂದುಕೊಂಡು ಬನ್ನಿ” ಎಂದರು. ಈ ಮೂರು ಸೂಚನೆಗಳೂ ಎಷ್ಟು ಮುಖ್ಯವೆಂಬುದು ಅಂದು ಮಧ್ಯಾಹ್ನದ ಹೊತ್ತಿಗೆ ನನಗೆ ಅರ್ಥವಾಯಿತು. ಕಾರು ಓಡಿಸುವ ಜವಾಬ್ದಾರಿಯನ್ನು ಮದ್ಯ ಮುಟ್ಟದ ಭಾವನಿಗೇ ಬಿಟ್ಟೆವು. ಈ ಏರ್ಪಾಟಿಲ್ಲದೆ ಇಂಥ ಜಾಗಕ್ಕೆ ಹೊರಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾವು ತಲುಪಿದಾಗ ಬಾಬ್ ಅವರ ಸೊಸೆ ಮತ್ತು ಇಬ್ಬರು ಹೆಂಗಸರು ತುದಿಗೆ ಮೊಳೆ ಕೂರಿಸಿದ ಸಪೂರ ಕೋಲಿನಿಂದ ಹಣ್ಣುಗಳನ್ನು ಚುಚ್ಚಿ ಚುಚ್ಚಿ ಬುಟ್ಟಿಗೆ ಹಾಕುತ್ತಿದ್ದರು. ಮರದಿಂದ ಕಿತ್ತ ಹಣ್ಣನ್ನು ಅವರು ಬಳಸುವುದಿಲ್ಲ, ತಾನಾಗಿಯೇ ಬಿದ್ದದ್ದು ಮಾತ್ರ ಬೇಕು. ಪೂರ್ತಿ ಮಾಗದ ಹಣ್ಣಿನಲ್ಲಿ ಸಿಹಿ ಕಡಿಮೆ, ಒಗರು ಹೆಚ್ಚು. ನಾನು ದಿನವೂ ಎಸೆಯುವ ಹಣ್ಣನ್ನು ಅವರು ಒಂದೊಂದಾಗಿ ತಿರುವಿ ನೋಡಿ, ಕೊಳೆತದ್ದನ್ನು ಬೇರ್ಪಡಿಸುತ್ತಿದ್ದ ರೀತಿಯನ್ನು ಕಂಡಾಗ, ನಮ್ಮ ತೋಟದಲ್ಲಿ ಇಷ್ಟು ವರ್ಷ ಮಣ್ಣುಪಾಲಾದದ್ದು ಎಷ್ಟೆಂಬ ಲೆಕ್ಕ ಮನಸ್ಸಿನಲ್ಲಿ ಏಳದೆ ಇರಲಿಲ್ಲ.

ಹಣ್ಣು ಹಿಂಡುವ ಜಾಗಕ್ಕೆ ಅಲ್ಲಿ ‘ಕೊಳಂಬಿ’ ಎನ್ನುತ್ತಾರೆ. ಗುಡ್ಡದ ಬಂಡೆಯಲ್ಲಿಯೇ ಕೊರೆದ, ಒಂದು ಕಡೆಗೆ ಇಳಿಜಾರಾಗಿರುವ ತೊಟ್ಟಿ ಅದು. ಬಾಬ್ ಅವರ ಮಗ ಗಂಬೂಟು ತೊಟ್ಟು ಅದರೊಳಗಿಳಿದು ಹಣ್ಣುಗಳನ್ನು ತುಳಿಯುತ್ತಿದ್ದ. ಹಳದಿ ರಸ ತೂತಿನ ಮೂಲಕ ಕೆಳಗಿನ ಪಾತ್ರೆಗೆ ಇಳಿಯುತ್ತಿತ್ತು. ಬಹಳ ಕಡೆ ಈಗ ಈ ಕೆಲಸಕ್ಕೆ ಯಂತ್ರ ಬಂದಿದೆ. ತುಳಿದು ಉಳಿದ ಚರಟವನ್ನು ಗುಡ್ಡೆ ಮಾಡಿ, ಸುತ್ತಲೂ ಬಳ್ಳಿ ಬಿಗಿದು, ಮೇಲೆ ಭಾರದ ಕಲ್ಲು ಹೇರಿಟ್ಟರೆ ರಾತ್ರಿಯಿಡೀ ಹನಿಹನಿಯಾಗಿ ಜಿನುಗುವ ತಿಳಿರಸವೇ ‘ನೀರೊ’. ಹಿಂದಿನ ರಾತ್ರಿಯ ನೀರೊವನ್ನು ಬಾಬ್ ಅವರ ಪತ್ನಿ ಸ್ಟೀಲಿನ ಲೋಟದಲ್ಲಿ ತಂದುಕೊಟ್ಟರು. ಅಂದಿನ ರುಚಿ ನೋಡುವ ಕೆಲಸ ಅಲ್ಲಿಂದ ಶುರುವಾಯಿತು. ಗೇರು ಹಣ್ಣನ್ನು ಕಚ್ಚಿದಾಗ ಗಂಟಲು ಹಿಡಿಯುವ ಆ ಒಗರು ನೀರೊದಲ್ಲಿ ಬಹಳ ಮೆತ್ತಗಾಗಿತ್ತು. ಜೇನಿನಂಥ ಸಿಹಿಯ ಹಿಂದೆ ಹಸಿಯಾದ, ಹಲಸಿನ ತೊಳೆಯನ್ನು ನೆನಪಿಸುವ ಪರಿಮಳವಿತ್ತು. ಇದರಲ್ಲಿ ಮದ್ಯವಿಲ್ಲ, ಮಕ್ಕಳೂ ಕುಡಿಯುತ್ತಾರೆ. ಬಿಸಿಲೇರಿದ ಹಾಗೆ ಹುಳಿಯಲು ತೊಡಗುವುದರಿಂದ ಬೆಳಗಿನ ಹೊತ್ತಿನಲ್ಲಿಯೇ ಕುಡಿದು ಮುಗಿಸಬೇಕು. ಎಂಟು ಗಂಟೆಯೊಳಗೆ ಬನ್ನಿ ಎಂದದ್ದು ಇದಕ್ಕಾಗಿ.

ತುಳಿದ ರಸಕ್ಕೆ ಸಕ್ಕರೆಯನ್ನಾಗಲಿ, ಹೊರಗಿನಿಂದ ತಂದ ಯೀಸ್ಟನ್ನಾಗಲಿ ಬೆರೆಸುವುದಿಲ್ಲ. ಹಣ್ಣಿನ ಸಿಪ್ಪೆಯ ಮೇಲೆ ಮತ್ತು ಗಾಳಿಯಲ್ಲಿ ಇರುವ ಯೀಸ್ಟೇ ಎರಡು ಮೂರು ದಿನಗಳಲ್ಲಿ ಸಿಹಿಯನ್ನೆಲ್ಲ ಮದ್ಯವಾಗಿಸುತ್ತದೆ. ಹಿಂದೆ ಕುತ್ತಿಗೆಯವರೆಗೆ ನೆಲದಲ್ಲಿ ಹೂತ ಮಣ್ಣಿನ ಗಡಿಗೆಗಳಲ್ಲಿ ಹುಳಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಡ್ರಮ್ಮುಗಳೇ ಹೆಚ್ಚು. ಇವರ ಮನೆಯಲ್ಲಿ ಎರಡೂ ಇದ್ದವು. “ಕಿವಿಗೊಟ್ಟು ಕೇಳಿ” ಎಂದರು ಬಾಬ್. ಎರಡನೆಯ ದಿನದ ಗಡಿಗೆಯ ಬಾಯಿಗೆ ಬಗ್ಗಿದಾಗ ದೂರದಲ್ಲಿ ಮಳೆ ಹೊಯ್ದಂಥ ಸಣ್ಣ ಸದ್ದು ಕೇಳಿಸಿತು. ಮೂರನೆಯ ದಿನದ್ದು ಹೆಚ್ಚುಕಡಿಮೆ ಮೌನವಾಗಿತ್ತು. ಸದ್ದು ನಿಂತ ರಸ ಒಲೆಗೆ ಸಿದ್ಧವೆಂದು ಅವರ ಲೆಕ್ಕ. ಅದರಿಂದ ಒಂದು ಚಮಚವನ್ನು ನಾಲಿಗೆಗಿಟ್ಟು ನೋಡಿದೆ: ಸಿಹಿ ಪೂರ್ತಿ ಹೋಗಿ, ಹುಳಿ ಮತ್ತು ಒಗರು ಮಾತ್ರ ಉಳಿದಿದ್ದವು. ಈ ಹುಳಿರಸದ ರುಚಿಯನ್ನು ನೋಡದೆ ಹೋಗಿದ್ದರೆ ಮುಂದೆ ಕುಡಿದ ಫೆನಿಯಲ್ಲಿ ಏನೇನು ಉಳಿದುಬಂದಿದೆ ಎಂಬುದನ್ನು ಗುರುತಿಸಲು ನನ್ನಿಂದ ಆಗುತ್ತಿರಲಿಲ್ಲ.

ಭಟ್ಟಿಯ ಒಲೆ ಚೀರೆಕಲ್ಲಿನದು. ಅದರ ಮೇಲೆ ‘ಭಾಣ’ ಎಂದು ಅವರು ಕರೆಯುವ ತಾಮ್ರದ ಹಂಡೆ. ಮುಚ್ಚಳದ ಸಂದುಗಳಿಗೆ ಬಟ್ಟೆ ಸುತ್ತಿ ಹುತ್ತದ ಮಣ್ಣು ಮೆತ್ತಿದ್ದರು. ಆವಿ ಕೊಳವೆಯ ಮೂಲಕ ಸಾಗಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದ ತಾಮ್ರದ ಸುರುಳಿಯಲ್ಲಿ ತಣಿದು ಹನಿಯಾಗಿ ಇಳಿಯುತ್ತದೆ. ಅವರ ತಂದೆಯ ಕಾಲದಲ್ಲಿ ಸುರುಳಿ ಇರಲಿಲ್ಲ. ಆವಿಯನ್ನು ‘ಲಾವಣಿ’ ಎಂಬ ಇನ್ನೊಂದು ಮಡಕೆಗೆ ಹಾಯಿಸಿ, ಅದರ ಹೊರಮೈಗೆ ಒಬ್ಬರು ಬಿಡದೆ ತಣ್ಣೀರು ಹೊಯ್ಯುತ್ತ ಕೂರಬೇಕಾಗಿತ್ತಂತೆ. ಆಲ್ಕೋಹಾಲ್ ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ನೀರು 100ರಲ್ಲಿ. ಬಟ್ಟಿ ಇಳಿಸುವ ವಿದ್ಯೆಯೆಲ್ಲ ನಿಂತಿರುವುದು ಈ ಅಂತರದ ಮೇಲೆ. ಉರಿ ಹೆಚ್ಚಾದರೆ ನೀರಿನ ಆವಿಯೂ ಜೊತೆಯಲ್ಲಿ ನುಗ್ಗುತ್ತದೆ, ತಳದ ಚರಟ ಸೀದು ಅದರ ವಾಸನೆ ಕೊನೆಯವರೆಗೂ ಬಿಡುವುದಿಲ್ಲ. ಬಾಬ್ ಅವರ ಬಳಿ ತಾಪಮಾಪಕವಿರಲಿಲ್ಲ. ಕೊಳವೆಯನ್ನು ಆಗಾಗ ಅಂಗೈಯಿಂದ ಮುಟ್ಟಿ ನೋಡಿ, ಒಂದು ಸೌದೆಯನ್ನು ಹಿಂದಕ್ಕೆಳೆಯುವರು, ಇಲ್ಲವೇ ಒಂದನ್ನು ಒಳಗೆ ನೂಕುವರು. ಮೊದಲು ಇಳಿದ ಸ್ವಲ್ಪ ಭಾಗವನ್ನು ಪಾತ್ರೆಗೆ ಬಿಟ್ಟುಕೊಳ್ಳದೆ ಒಲೆಗೆ ಚೆಲ್ಲಿದರು. ಬೆಂಕಿ ಭಗ್ಗನೆ ಎದ್ದು ಅಡಗಿತು. ಮೂಗಿಗೆ ಬಡಿಯುವ ಆ ಮೊದಲ ಭಾಗ ಕುಡಿಯಲು ತಕ್ಕದ್ದಲ್ಲ.

ಮೊದಲ ಸುತ್ತಿನಲ್ಲಿ ಇಳಿದದ್ದು ‘ಉರಾಕ್’. ಮದ್ಯಾಂಶ ನೂರಕ್ಕೆ 15ರ ಆಸುಪಾಸು. ಇದನ್ನು ಬಹಳ ಕಾಲ ಇಡುವುದಿಲ್ಲ, ಋತುವಿನಲ್ಲಿಯೇ ಕುಡಿದು ಮುಗಿಸುತ್ತಾರೆ. ಲಿಮ್ಕಾ ಬೆರೆಸಿ, ಲಿಂಬೆ ಹಿಂಡಿ, ಉಪ್ಪು ಹಾಕಿ, ಸೀಳಿದ ಹಸಿಮೆಣಸಿನಕಾಯಿ ಬಿಟ್ಟು ಕುಡಿಯುವುದು ಅಲ್ಲಿನ ಬೇಸಿಗೆಯ ಪದ್ಧತಿ. ನಾನು ಮೊದಲು ಏನನ್ನೂ ಬೆರೆಸದೆ ಎರಡು ಗುಟುಕು ಕುಡಿದೆ. ನೀರೊದಲ್ಲಿದ್ದ ಹಣ್ಣಿನ ಪರಿಮಳ ಇಲ್ಲಿ ಹಾಗೆಯೇ ಉಳಿದಿತ್ತು. ಉರಾಕ್ ಹಗುರವಾಗಿದೆಯೆಂದು ಲೋಟಗಟ್ಟಲೆ ಕುಡಿದರೆ ಮುಂದೆ ಫೆನಿಯ ರುಚಿ ತಿಳಿಯುವುದಿಲ್ಲ, ಆದ್ದರಿಂದ ಅಲ್ಲಿಗೇ ನಿಲ್ಲಿಸಿದೆ.

ಉರಾಕಿಗೆ ಹುಳಿರಸವನ್ನು ಬೆರೆಸಿ ಮತ್ತೊಮ್ಮೆ ಬಟ್ಟಿ ಇಳಿಸಿದಾಗ ಬರುವುದು ಫೆನಿ. ಹಿಂದೆ ಮೂರು ಸಲ ಇಳಿಸುವುದೂ ಇತ್ತು. ಪೇಟೆಯ ಹಲವು ಬಾಟಲಿಗಳ ಮೇಲೆ ಮದ್ಯಾಂಶ 42.8 ಎಂದಿರುತ್ತದೆ. ಭಟ್ಟಿಯವರು ಇಂದಿಗೂ ಪೋರ್ಚುಗೀಸರ ಕಾಲದ ‘ಗ್ರಾವ್’ ಎಂಬ ಅಳತೆಯಲ್ಲಿ ಮಾತಾಡುತ್ತಾರೆ. ಆದರೆ ಬಾಬ್ ಮಾಪಕವನ್ನು ಮುಟ್ಟುವ ಮೊದಲು ಒಂದು ಗ್ಲಾಸಿನಿಂದ ಇನ್ನೊಂದಕ್ಕೆ ಮೊಣಕೈ ಎತ್ತರದಿಂದ ಫೆನಿಯನ್ನು ಸುರಿದು ತೋರಿಸಿದರು. ಗ್ಲಾಸಿನ ಅಂಚಿಗೆ ಸಾಬಕ್ಕಿ ಕಾಳಿನಷ್ಟು ಗಾತ್ರದ ಗುಳ್ಳೆಗಳು ಮಣಿಸರದಂತೆ ಸಾಲುಗಟ್ಟಿ ನಿಂತವು. ಉರಾಕ್ ಸುರಿದಾಗ ಎದ್ದ ಗುಳ್ಳೆಗಳು ಕ್ಷಣಮಾತ್ರದಲ್ಲಿ ಒಡೆದುಹೋಗಿದ್ದವು; ಇವು ಒಂದೊಂದಾಗಿ, ನಿಧಾನವಾಗಿ ಆರಿದವು. ಗುಳ್ಳೆಗಳು ನಿಲ್ಲುವ ರೀತಿಯಿಂದಲೇ ಅವರು ಕಸುವನ್ನು ಅಳೆಯುತ್ತಾರೆ. ಸಂಸ್ಕೃತದ ‘ಫೇನ’, ಅಂದರೆ ನೊರೆ, ಎಂಬ ಪದದಿಂದಲೇ ಫೆನಿಗೆ ಆ ಹೆಸರು ಬಂತೆಂದು ಹೇಳುವುದನ್ನು ಕೇಳಿದ್ದೆ. ಆ ಗುಳ್ಳೆಗಳನ್ನು ಹತ್ತಿರದಿಂದ ಕಂಡ ಮೇಲೆ ಅದರಲ್ಲಿ ನನಗೆ ಸಂದೇಹ ಉಳಿಯಲಿಲ್ಲ.

ರುಚಿ ನೋಡಲು ನಾನು ಅನುಸರಿಸಿದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಾಯಿ ಕಿರಿದಾದ ಗ್ಲಾಸೊಂದನ್ನು ಮನೆಯಿಂದಲೇ ಒಯ್ದಿದ್ದೆ. ಬೆಳಿಗ್ಗೆ ಖಾರ ತಿಂದಿರಲಿಲ್ಲ, ವೀಳ್ಯ ಹಾಕಿರಲಿಲ್ಲ, ಸುಗಂಧ ಪೂಸಿಕೊಂಡಿರಲಿಲ್ಲ. ಫೆನಿಯ ಘಾಟು ದೊಡ್ಡದು. ಗ್ಲಾಸಿನೊಳಗೆ ಮೂಗು ತೂರಿಸಿ ಜೋರಾಗಿ ಎಳೆದುಕೊಂಡರೆ ಆ ಘಾಟು ಬಿಟ್ಟು ಬೇರೇನೂ ತಿಳಿಯುವುದಿಲ್ಲ, ಮತ್ತು ಫೆನಿಯನ್ನು ಒಂದು ಸಲ ಮೂಸಿ ಇದು ನಮಗಲ್ಲ ಎಂದು ದೂರವಿಟ್ಟವರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲಿಯೇ ಎಂದು ನಾನು ಭಾವಿಸುತ್ತೇನೆ. ಗ್ಲಾಸನ್ನು ಗಲ್ಲದ ಬಳಿ ಹಿಡಿದು, ಬಾಯಿ ಸ್ವಲ್ಪ ತೆರೆದುಕೊಂಡು, ವಾಸನೆ ತಾನಾಗಿಯೇ ಮೇಲೆ ಬರಲು ಬಿಟ್ಟೆ. ಮೊದಲ ಗುಟುಕು ನಾಲಿಗೆಯನ್ನು ಒಗ್ಗಿಸುವುದಕ್ಕಷ್ಟೇ. ಎರಡನೆಯದನ್ನು ಬಾಯಲ್ಲಿ ಐದಾರು ಕ್ಷಣ ಇಟ್ಟುಕೊಂಡಾಗ ಮಾಗಿದ ಅನಾನಸು, ಆಮೇಲೆ ಹಸಿಮೆಣಸಿನಕಾಯಿಯ ತೊಟ್ಟು ಮುರಿದಾಗ ಬರುವ ಹಸಿರು ವಾಸನೆ, ಕೊನೆಯಲ್ಲಿ ಹುಳಿರಸದ ಆ ಒಗರಿನ ನೆರಳು ಸಿಕ್ಕಿದವು. ನಂತರ ಚಮಚದಿಂದ ನಾಲ್ಕಾರು ಹನಿ ನೀರು ಬೆರೆಸಿದೆ. ಘಾಟು ತಗ್ಗಿ ಹಣ್ಣು ಮುಂದೆ ಬಂತು. “ಈಗ ನೀವು ಹಣ್ಣನ್ನು ಕುಡಿಯುತ್ತಿದ್ದೀರಿ” ಎಂದು ಬಾಬ್ ಸಂತೋಷಪಟ್ಟರು. ಹೊಸ ಫೆನಿಯ ಪಕ್ಕದಲ್ಲಿ ಅವರು ಐದು ವರ್ಷ ‘ಗರಾಫಾಂವ್’ ಎಂಬ ದೊಡ್ಡ ಗಾಜಿನ ಬುರುಡೆಯಲ್ಲಿಟ್ಟಿದ್ದನ್ನೂ ಕೊಟ್ಟರು. ಮರದ ಪೀಪಾಯಿಯಲ್ಲಿ ಇಟ್ಟಿರದ ಕಾರಣ ಅದರ ಬಣ್ಣ ನೀರಿನಂತೆಯೇ ಇತ್ತು, ಆದರೆ ಅಂಚು ಮೃದುವಾಗಿತ್ತು. ಒಟ್ಟಾರೆ ಅಂದು ನಾನು ನುಂಗಿದ್ದು ಒಂದು ಪೆಗ್ಗಿಗಿಂತ ಹೆಚ್ಚಿಲ್ಲ. ಉಳಿದದ್ದನ್ನು ಸಂಕೋಚವಿಲ್ಲದೆ ಉಗುಳಿದೆ. ಮುಂಚೆಯೇ ತಿಳಿಸಿದ್ದರಿಂದ ಅವರು ಬೇಸರಿಸಲಿಲ್ಲ.

ಗೇರು ಮರವನ್ನು ಬ್ರೆಜಿಲ್‌ನಿಂದ ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು, 16ನೆಯ ಶತಮಾನದಲ್ಲಿ. ಹಣ್ಣನ್ನು ಫೆನಿಯಾಗಿಸಿದ ಜಾಣ್ಮೆ ಗೋವಾದವರದು. 2009ರಲ್ಲಿ ಗೋವಾದ ಗೇರು ಫೆನಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತದ್ದರಿಂದ, ಇದೇ ಹಣ್ಣಿನಿಂದ ಬೇರೆಡೆ ಏನನ್ನೇ ತಯಾರಿಸಿದರೂ ಅದನ್ನು ಫೆನಿ ಎಂದು ಮಾರುವಂತಿಲ್ಲ. 2016ರಲ್ಲಿ ಅಲ್ಲಿನ ಸರ್ಕಾರ ಅದನ್ನು ಪಾರಂಪರಿಕ ಪಾನೀಯವೆಂದು ಘೋಷಿಸಿತು. ಅಲ್ಲಿ ಭಟ್ಟಿ ಅಬಕಾರಿ ಇಲಾಖೆಯ ಲೆಕ್ಕದೊಳಗೆ ನಡೆಯುವ ಕಸುಬು. ನಮ್ಮ ಕಡೆ ಪರವಾನಗಿಯಿಲ್ಲದೆ ಒಂದು ಮಡಕೆ ಒಲೆಗಿಟ್ಟರೂ ಅಪರಾಧ. ಗಡಿಯ ಎರಡು ಬದಿಗಳಲ್ಲಿ ಒಂದೇ ಮರಕ್ಕೆ ಎರಡು ಬಗೆಯ ಬಾಳು.

ಹೊರಡುವಾಗ ಬಾಬ್ ಒಂದು ಬಾಟಲಿ ಕೊಡಲು ಬಂದರು. ಗೋವಾದ ಮದ್ಯವನ್ನು ಪರವಾನಗಿಯಿಲ್ಲದೆ ಕರ್ನಾಟಕಕ್ಕೆ ತರುವಂತಿಲ್ಲ, ಕಾರವಾರದ ಹತ್ತಿರ ಮಾಜಾಳಿಯಲ್ಲಿ ತಪಾಸಣೆಯಿರುತ್ತದೆ. ಅವರಿಗೆ ನಮಸ್ಕರಿಸಿ, ಬಾಟಲಿಯನ್ನು ಮಡಗಾಂವಿನ ಭಾವನ ಮನೆಗೆ ಬರುವ ನೆಂಟರಿಗೆಂದು ಅಲ್ಲಿಯೇ ಬಿಟ್ಟೆ.

ರುಚಿ ನೋಡಿದ ಗ್ಲಾಸನ್ನು ತೊಳೆಯದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ಮದ್ಯ ಆರಿದ ಮೇಲೆ ಗ್ಲಾಸಿನ ತಳದಲ್ಲಿ ಉಳಿಯುವ ವಾಸನೆಯನ್ನು ಮರುದಿನ ನೋಡಬೇಕೆಂದು ಬಾಬ್ ಹೇಳಿದ್ದರು. ಬೆಳಿಗ್ಗೆ ಬುಟ್ಟಿ ಹಿಡಿದು ತೋಟಕ್ಕೆ ಹೋಗುವ ಮೊದಲು ಗಂಟು ಬಿಚ್ಚಿ ಮೂಸಿದೆ. ಘಾಟು ಎಲ್ಲಿಯೂ ಇರಲಿಲ್ಲ. ಒಣಗಿದ ಹಣ್ಣಿನ ಸಿಪ್ಪೆ, ಸ್ವಲ್ಪ ಹೊಗೆ, ಒದ್ದೆ ಚೀರೆಕಲ್ಲು. ಟಿಪ್ಪಣಿ ಪುಸ್ತಕದಲ್ಲಿ ಆ ಮೂರನ್ನೂ ಬರೆದುಕೊಂಡು ಹಣ್ಣು ಹೆಕ್ಕಲು ಹೊರಟೆ.