ಎಚ್‌ಐವಿ ತನ್ನ ಆರ್‌ಎನ್‌ಎನ ಹೇಗೆ ಆಡಿಸುತ್ತೆ? ಹಾಳೆ ಮೇಲೆ ಬರೆದು ಅರ್ಥ ಮಾಡ್ಕೊಳ್ಳಿ

ವೈರಸ್ ಪಾಠದಲ್ಲಿ ತುಂಬಾ ಜನ ಸಿಕ್ಕಾಕ್ಕೊಳ್ಳೋದು ಒಂದೇ ಕಡೆ, ಇಷ್ಟು ಚಿಕ್ಕ ಜೀನೋಮ್ ಇಟ್ಕೊಂಡು ಅಷ್ಟೊಂದು ಪ್ರೋಟೀನ್ ಹೇಗೆ ಮಾಡುತ್ತೆ, ಅದೂ ಯಾವುದು ಮೊದಲು ಯಾವುದು ಆಮೇಲೆ ಅನ್ನೋ ಲೆಕ್ಕ ತಪ್ಪದ ಹಾಗೆ. ಬರೀ ಓದಿದ್ರೆ ತಲೆಗೆ ಹೋಗಲ್ಲ, ಚಿತ್ರ ಬರೆದ್ರೆ ಹೋಗುತ್ತೆ. ಹಾಳೆ ಅಡ್ಡ ಇಟ್ಕೊಳ್ಳಿ, ಪೆನ್ಸಿಲ್, ರಬ್ಬರ್ ತಗೊಳ್ಳಿ. ಎಚ್‌ಐವಿ-1 ಬರೆಯೋಣ.

ಮೊದಲು ಒಂದು ಉದ್ದ ಗೆರೆ ಎಳೀರಿ. ಇದು ವೈರಸ್‌ನ ಪೂರ್ತಿ ಆರ್‌ಎನ್‌ಎ, ಅಂದ್ರೆ ಅದರ ಜೀನೋಮ್, ಸುಮಾರು 9,000 ಅಕ್ಷರ (ಆರ್‌ಎನ್‌ಎ ಸರಪಳಿಯ ಒಂದೊಂದು ಕೊಂಡಿನ ಅಕ್ಷರ ಅಂತೀನಿ), ಅದರಲ್ಲಿ 9 ಜೀನ್. ಎಡಗಡೆ ಗ್ಯಾಗ್ (ವೈರಸ್‌ನ ಒಳಗಿನ ಚೌಕಟ್ಟು), ಪೋಲ್ (ಅದರ ಕಿಣ್ವಗಳು), ಬಲಗಡೆ ಎನ್ವ್ (ಹೊರ ಕವಚದ ಪ್ರೋಟೀನ್), ಕೊನೆಗೆ ನೆಫ್. ಟ್ಯಾಟ್ ಮತ್ತೆ ರೆವ್ ಮಾತ್ರ ಎರಡೆರಡು ತುಂಡಾಗಿ ಬರೀಬೇಕು, ಒಂದು ತುಂಡು ಎನ್ವ್‌ಗಿಂತ ಸ್ವಲ್ಪ ಮುಂಚೆ, ಇನ್ನೊಂದು ಎನ್ವ್ ಮುಗಿಯೋ ಹತ್ರ. ವಿಫ್, ವಿಪಿಆರ್, ವಿಪಿಯು ನಡುವೆ ಹಾಕಿ, ಸಾಕು.

ಈಗ ಅದೇ ಗೆರೆನ ಕೆಳಗೆ ಮೂರು ಸಲ ಬರೀರಿ. ಮೊದಲನೇದು ಕತ್ತರಿಸದೇ ಇರೋದು, ಇದರಿಂದ ಗ್ಯಾಗ್, ಪೋಲ್ ಪ್ರೋಟೀನ್ ಬರುತ್ತೆ, ಹೊಸ ವೈರಸ್ ಒಳಗೆ ಜೀನೋಮ್ ಆಗಿ ಹೋಗೋದೂ ಇದೇ. ಎರಡನೇದ್ರಲ್ಲಿ ಗ್ಯಾಗ್-ಪೋಲ್ ಭಾಗ ಕತ್ತರಿಸಿ ಹಾಕಿ, ಸುಮಾರು 4,000 ಅಕ್ಷರ ಉಳಿಯುತ್ತೆ, ಎನ್ವ್ ಮತ್ತೆ ನಡುವಿನ ಆ ಮೂರು ಇದರಿಂದಾನೆ. ಮೂರನೇದ್ರಲ್ಲಿ ಎನ್ವ್‌ನ ಬಹುಪಾಲನ್ನೂ ಕತ್ತರಿಸಿ, ಉಳಿಯೋದು ಸುಮಾರು 2,000, ಟ್ಯಾಟ್, ರೆವ್, ನೆಫ್. ಈ ಕತ್ತರಿಸಿ ಜೋಡಿಸೋದೇ ಸ್ಪ್ಲೈಸಿಂಗ್. ನಿಜವಾಗಿ ಕತ್ತರಿಸೋ ಜಾಗಗಳು ಇನ್ನೂ ಇವೆ, 40ಕ್ಕೂ ಹೆಚ್ಚು ಥರದ ಎಂಆರ್‌ಎನ್‌ಎ (ಪ್ರೋಟೀನ್ ಮಾಡೋಕೆ ಓದೋ ಆರ್‌ಎನ್‌ಎ ಪ್ರತಿ) ಹುಟ್ಟುತ್ತೆ, ಆದ್ರೆ ಗುಂಪು ಈ ಮೂರೇ. (ಸ್ಪ್ಲೈಸಿಂಗ್ ಅನ್ನೋದೇ 1977ರಲ್ಲಿ ಮೊದಲು ಗೊತ್ತಾಗಿದ್ದು ಅಡಿನೋವೈರಸ್‌ನಿಂದ, ಅದಕ್ಕೆ ಫಿಲಿಪ್ ಶಾರ್ಪ್, ರಿಚರ್ಡ್ ರಾಬರ್ಟ್ಸ್ ಇಬ್ರಿಗೂ 1993ರಲ್ಲಿ ನೊಬೆಲ್ ಬಂತು.)

ಮೂರೂ ಗೆರೆ ಸೇರೋ ಹಾಗೆ ಸುತ್ತ ಒಂದು ವೃತ್ತ ಹಾಕಿ, ಅದು ಜೀವಕೋಶದ ನ್ಯೂಕ್ಲಿಯಸ್. ಇಲ್ಲಿ ಅವಸರ ಬೇಡ, ಇಡೀ ವಿಷಯ ಇಲ್ಲೇ ಇರೋದು. ಕತ್ತರಿಸೋ ಕೆಲಸ ಬಾಕಿ ಇರೋ ಆರ್‌ಎನ್‌ಎನ ಜೀವಕೋಶ ಸಾಮಾನ್ಯವಾಗಿ ಹೊರಗೆ ಬಿಡಲ್ಲ. ಹಾಗಾಗಿ ಶುರುನಲ್ಲಿ ಹೊರಗೆ ಬರೋದು ಮೂರನೇ ಗೆರೆ ಮಾತ್ರ. ಟ್ಯಾಟ್ ಬಂದು ಆರ್‌ಎನ್‌ಎ ಉತ್ಪಾದನೆ ಜೋರು ಮಾಡುತ್ತೆ, ರೆವ್ ಹೊರಗೆ ತಯಾರಾಗಿ ವಾಪಸ್ ನ್ಯೂಕ್ಲಿಯಸ್‌ಗೇ ಹೋಗುತ್ತೆ. ಮೊದಲ ಎರಡು ಗೆರೆಗಳಲ್ಲಿ ಎನ್ವ್ ಒಳಗೆ ಒಂದು ಮಡಚಿದ ಗುರುತು ಹಾಕಿ, ಅದು ಆರ್‌ಆರ್‌ಇ, ಸುಮಾರು 350 ಅಕ್ಷರದ ತುಂಡು. ಮೂರನೇ ಗೆರೆಯಲ್ಲಿ ಅದು ಕತ್ತರಿಸಿ ಹೋಗಿರುತ್ತೆ, ಗಮನಿಸಿ. ರೆವ್ ಕೂರೋದು ಅಲ್ಲೇ, ಅದೂ ಒಂದು ಕೂತ್ರೆ ಸಾಲದು, ಹಲವು ರೆವ್ ಸಾಲಾಗಿ ಕೂರಬೇಕು, ಆಮೇಲೆ ಜೀವಕೋಶದ್ದೇ ಆದ ಸಿಆರ್‌ಎಂ1 ಅನ್ನೋ ಪ್ರೋಟೀನ್‌ನ ಹಿಡ್ಕೊಂಡು ಆ ಉದ್ದ ಆರ್‌ಎನ್‌ಎಗಳು ಹೊರಗೆ ಬರ್ತವೆ. ಅಂದ್ರೆ ರೆವ್ ಸಾಕಷ್ಟು ಕೂಡೋ ತನಕ ಗ್ಯಾಗ್ ಇಲ್ಲ, ಎನ್ವ್ ಇಲ್ಲ. ಮೊದಲು-ಆಮೇಲೆ ಅನ್ನೋದಕ್ಕೆ ಬೇರೆ ಬೇರೆ ಪ್ರೊಮೋಟರ್ (ಜೀನ್ ಓದೋದು ಶುರುವಾಗೋ ಸ್ವಿಚ್) ಏನೂ ಇಲ್ಲದೇ ಇಷ್ಟು ನಿಖರವಾಗಿ ನಡೆಯುತ್ತಲ್ಲ, ನನಗೆ ಇದು ಜೀವಶಾಸ್ತ್ರದಲ್ಲೇ ತುಂಬಾ ಇಷ್ಟವಾದ ಭಾಗ.

ಇನ್ನೊಂದು ಬರ್ಕೊಳ್ಳಿ: ಈ ವೈರಸ್‌ನ ಸ್ಪ್ಲೈಸ್ ಸೈಟ್‌ಗಳಲ್ಲಿ, ಅಂದ್ರೆ ಕತ್ತರಿಸೋ ಜಾಗಗಳಲ್ಲಿ, ಹಲವು ದುರ್ಬಲ. ಗಟ್ಟಿ ಇದ್ದಿದ್ರೆ ಜೀವಕೋಶ ಎಲ್ಲಾನೂ ಕತ್ತರಿಸಿಬಿಡ್ತಿತ್ತು, ಪೂರ್ತಿ ಜೀನೋಮ್ ಉಳೀತಾನೇ ಇರಲಿಲ್ಲ.

ಅರ್ಥ ಆಯ್ತಾ ಅಂತ ನೋಡೋಕೆ ರಬ್ಬರ್ ತಗೊಂಡು ರೆವ್ ಅಳಿಸಿ. ಟ್ಯಾಟ್, ನೆಫ್ ಬರ್ತಾನೇ ಇರುತ್ತೆ, ಆದ್ರೆ ಹೊಸ ವೈರಸ್ ಒಂದೂ ಕಟ್ಟೋಕಾಗಲ್ಲ. ಇವತ್ತು ಬಳಸೋ ಎಚ್‌ಐವಿ ಮಾತ್ರೆಗಳಲ್ಲಿ ಹೆಚ್ಚಿನವು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್, ಪ್ರೋಟಿಯೇಸ್, ಇಂಟಿಗ್ರೇಸ್ ಅನ್ನೋ ಕಿಣ್ವಗಳನ್ನ ತಡೆಯೋವು. ರೆವ್‌ನ ತಡೆಯೋಕಂತಲೇ ಬಳಕೆಗೆ ಬಂದ ಔಷಧಿ ಇನ್ನೂ ಇಲ್ಲ.